ಎಲ್ಲಿಗೆ ಚುಚ್ಚಬೇಕೆಂದು ಮಗುವೇ ಹೇಳಲಿ

ನನ್ನ ಮೊಮ್ಮಗನಿಗೆ ಟೈಪ್ 1 ಡಯಾಬಿಟಿಸ್. ಮನೆಯಲ್ಲಿ ಅವನಿಗೆ ಇನ್ಸುಲಿನ್ ಕೊಡುವ ಕೆಲಸದಲ್ಲಿ ಮೊದಲಿನಿಂದಲೂ ನನ್ನದೂ ಪಾಲಿದೆ. ಇದೇ ಕಾಯಿಲೆ ಹೊಸದಾಗಿ ಗೊತ್ತಾದ ಮಕ್ಕಳ ತಾಯಂದಿರು ಆಗಾಗ ಫೋನ್ ಮಾಡುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಯಾವ ಇನ್ಸುಲಿನ್, ಎಷ್ಟು ಯೂನಿಟ್ ಅನ್ನುವುದೆಲ್ಲ ಡಾಕ್ಟರಿಗೆ ಬಿಟ್ಟದ್ದು, ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಡಿಸ್ಚಾರ್ಜ್ ಆಗಿ ಮನೆಗೆ ಬಂದಮೇಲೆ ಅಡುಗೆಮನೆ, ನೆಂಟರು, ಸ್ಕೂಲಿನ ವ್ಯಾನು ಇವುಗಳ ನಡುವೆ ಸೂಜಿ ಹಿಡಿಯುವುದು ಹೇಗೆ ಅನ್ನುವಷ್ಟೇ ನನ್ನ ಮಾತು.

• ಇಂಜೆಕ್ಷನ್ ಬೇಕೋ ಬೇಡವೋ ಅನ್ನುವುದು ಮಗುವಿನ ಜೊತೆ ಚೌಕಾಶಿ ಮಾಡುವ ವಿಷಯವಲ್ಲ. ಆದರೆ ಎಡತೊಡೆಗೋ ಬಲತೊಡೆಗೋ, ಕೂತೋ ಮಲಗಿಯೋ, ಅಮ್ಮನೋ ಅಜ್ಜಿಯೋ, ಇದನ್ನೆಲ್ಲ ಮಗುವೇ ಹೇಳಲಿ. ದಿನಕ್ಕೆ ಮೂರು ನಾಲ್ಕು ಸಲ ಮೈಯೊಡ್ಡುವ ಕೂಸಿಗೆ ಅಷ್ಟಾದರೂ ಅಧಿಕಾರ ಬೇಡವೇ? ಅಟ್ಟಿಸಿಕೊಂಡು ಹೋಗಿ ನಾಲ್ಕು ಜನ ಅಮುಕಿ ಹಿಡಿದು ಚುಚ್ಚಿದರೆ ಆ ಹೊತ್ತಿಗೇನೋ ಕೆಲಸ ಆದೀತು, ಮುಂದಿನ ಹತ್ತು ಸಲಕ್ಕೆ ತೊಂದರೆ. ತೀರಾ ಚಿಕ್ಕ ಮಗುವಾದರೆ ಒಬ್ಬರು ತೊಡೆಯ ಮೇಲೆ ಕೂರಿಸಿಕೊಂಡು ಎದೆಗೆ ಅಪ್ಪಿಕೊಳ್ಳಿ, ಇನ್ನೊಬ್ಬರು ಕೊಡಿ.

• "ನೋವಾಗಲ್ಲ ಕಂದ" ಅನ್ನಬೇಡಿ, ಅದು ಸುಳ್ಳು. "ಇರುವೆ ಕಚ್ಚಿದಷ್ಟು ಆಗುತ್ತೆ, ಹತ್ತು ಎಣಿಸೋದರಲ್ಲಿ ಮುಗಿಯುತ್ತೆ" ಅನ್ನಿ. ನಿದ್ದೆಯಲ್ಲಿರುವಾಗ ಕದ್ದು ಚುಚ್ಚುವುದನ್ನು ರೂಢಿ ಮಾಡಿಕೊಳ್ಳಬೇಡಿ, ಮಗು ನಿದ್ದೆಗೇ ಹೆದರುತ್ತದೆ.

• ನಮ್ಮ ಮನೆಗಳಲ್ಲಿ ಒಂದು ಕೆಟ್ಟ ಮಾತಿದೆ: "ಗಲಾಟೆ ಮಾಡಿದ್ರೆ ಸೂಜಿ ಚುಚ್ಚಿಸ್ತೀನಿ ನೋಡು." ಬಂದ ನೆಂಟರೂ ತಮ್ಮ ಮಕ್ಕಳಿಗೆ ಹೀಗೇ ಹೆದರಿಸುತ್ತಾರೆ. ಅದನ್ನು ನಿಮ್ಮ ಹೊಸ್ತಿಲೊಳಗೆ ಬಿಡಲೇಬೇಡಿ. ಸೂಜಿ ಶಿಕ್ಷೆಯೆಂದು ಒಮ್ಮೆ ತಲೆಗೆ ಹೊಕ್ಕರೆ ಮಗು ತಾನೇನೋ ತಪ್ಪು ಮಾಡಿದ್ದೇನೆ ಅಂದುಕೊಳ್ಳುತ್ತದೆ.

• ಬಾಟಲಿ ಮತ್ತು ಸಿರಿಂಜು ಜೋಡಿಯಾಗಬೇಕು. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಲೀಟರಿಗೆ 40 ಯೂನಿಟ್‌ನದು, ಅದಕ್ಕೆ ಕೆಂಪು ಮುಚ್ಚಳದ ಸಿರಿಂಜು. ಇನ್ಸುಲಿನ್ ಪೆನ್ನಿನ ಕಾರ್ಟ್ರಿಜ್ 100 ಯೂನಿಟ್‌ನದು. 100ರ ಬಾಟಲಿಯೂ ಸಿಗುತ್ತದೆ, ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜು. 100ರ ಇನ್ಸುಲಿನ್ನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ ಹತ್ತರ ಗೆರೆಗೆ ಎಳೆದರೆ ಒಳಗೆ ಹೋಗುವುದು 10 ಅಲ್ಲ, 25 ಯೂನಿಟ್. ಮಗುವಿನ ಜೀವಕ್ಕೆ ಸಂಚಕಾರ. ಮೆಡಿಕಲ್ ಶಾಪಿನ ಹುಡುಗ "ಎಲ್ಲಾ ಒಂದೇ" ಅಂದರೂ ಬಾಟಲಿಯ ಮೇಲಿನ ಅಂಕಿಯನ್ನು ನೀವೇ ಓದಿ. ಪೆನ್ನು ಕೈಕೊಟ್ಟಿತೆಂದು ಕಾರ್ಟ್ರಿಜ್‌ನಿಂದ ಸಿರಿಂಜಿಗೆ ಎಳೆಯುವ ಸಾಹಸವಂತೂ ಬೇಡ.

• ಬಿಚ್ಚದ ಬಾಟಲಿಗಳು ಫ್ರಿಜ್ಜಿನ ಬಾಗಿಲಲ್ಲಿರಲಿ, ಫ್ರೀಜರಿನ ಹತ್ತಿರ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು, ಎಸೆಯಿರಿ. ಬಿಚ್ಚಿದ ದಿನದ ತಾರೀಖನ್ನು ಬಾಟಲಿಯ ಮೇಲೇ ಬರೆಯಿರಿ. ಸಾಮಾನ್ಯವಾಗಿ 28 ದಿನ ಬಳಸಬಹುದು, ಆಮೇಲೆ ಮಿಕ್ಕಿದ್ದರೂ ಬೇಡ. ಬಳಕೆಯಲ್ಲಿರುವುದನ್ನು ತಂಪಾದ ಕೋಣೆಯಲ್ಲಿ ಇಡಬಹುದು, ಆದರೆ ಬಳ್ಳಾರಿ, ರಾಯಚೂರಿನ ಕಡೆಯ ಬೇಸಿಗೆಯಲ್ಲಿ ಅದಾಗದು. ಫ್ರಿಜ್ಜಿಲ್ಲದಿದ್ದರೆ, ಕರೆಂಟು ದಿನವಿಡೀ ಹೋಗುವ ಊರಾದರೆ, ದೊಡ್ಡ ಮಣ್ಣಿನ ಮಡಕೆಯೊಳಗೆ ಚಿಕ್ಕ ಮಡಕೆ ಇಟ್ಟು ನಡುವೆ ಒದ್ದೆ ಮರಳು ತುಂಬಿ. ಬಾಟಲಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಒಳಗಿನ ಮಡಕೆಯಲ್ಲಿಡಿ. ನೆರಳು, ಗಾಳಿ ಎರಡೂ ಇರುವ ಮೂಲೆಯಾಗಬೇಕು, ಮರಳು ಆರದಂತೆ ನೀರು ಚಿಮುಕಿಸುತ್ತಿರಬೇಕು. ಪ್ರಯಾಣದಲ್ಲಿ ಇನ್ಸುಲಿನ್ ಕೈಚೀಲದಲ್ಲೇ ಇರಲಿ; ಬಸ್ಸಿನ ಡಿಕ್ಕಿಯಲ್ಲೂ ಬೇಡ, ಐಸಿಗೆ ನೇರ ತಾಗಿಸುವುದೂ ಬೇಡ.

• ಫ್ರಿಜ್ಜಿನಿಂದ ತೆಗೆದ ತಕ್ಷಣ ಚುಚ್ಚಿದರೆ ಉರಿಯುತ್ತದೆ. ಸ್ವಲ್ಪ ಹೊತ್ತು ಹೊರಗಿಡಿ. ಮಬ್ಬಾಗಿಯೇ ಬರುವ ಬಗೆಯ ಇನ್ಸುಲಿನ್ನನ್ನು ಅಂಗೈಗಳ ನಡುವೆ ಮೆಲ್ಲಗೆ ಹೊರಳಿಸಿ, ಕುಲುಕಬೇಡಿ. ಎರಡು ಬಗೆಯ ಇನ್ಸುಲಿನ್ನನ್ನು ಒಂದೇ ಸಿರಿಂಜಿಗೆ ಎಳೆಯಲು ಡಾಕ್ಟರು ಹೇಳಿದ್ದರೆ ತಿಳಿಯಾದದ್ದು ಮೊದಲು, ಮಬ್ಬಾದದ್ದು ಆಮೇಲೆ. ಗ್ಲಾರ್ಜಿನ್ ಎಂಬ ಇನ್ಸುಲಿನ್ ತಿಳಿಯಾಗಿಯೇ ಇರುತ್ತದೆ, ಅದನ್ನು ಯಾವುದರ ಜೊತೆಗೂ ಬೆರೆಸುವಂತಿಲ್ಲ.

• ಸೋಪಿನಿಂದ ಕೈ ತೊಳೆಯಿರಿ, ಚುಚ್ಚುವ ಜಾಗ ಸ್ವಚ್ಛವಾಗಿದ್ದರೆ ಸಾಕು. ಸ್ಪಿರಿಟ್ ಒರೆಸಿದರೆ ಪೂರ್ತಿ ಆರಲು ಬಿಡಿ, ಹಸಿಯಲ್ಲಿ ಚುಚ್ಚಿದರೆ ಚುರ್ರೆನ್ನುತ್ತದೆ. ಪೆನ್ನಾದರೆ ಮೊದಲು ಎರಡು ಯೂನಿಟ್ ಗಾಳಿಗೆ ಬಿಟ್ಟು ಸೂಜಿತುದಿಯಲ್ಲಿ ಹನಿ ಮೂಡಿದ್ದನ್ನು ನೋಡಿ. ಪುಟ್ಟ ಮಕ್ಕಳಿಗೆ ಎರಡು ಬೆರಳಲ್ಲಿ ಚರ್ಮವನ್ನು ಹಗುರವಾಗಿ ಎತ್ತಿ ಹಿಡಿಯಿರಿ. ಗುಂಡಿ ಪೂರ್ತಿ ಒತ್ತಿದಮೇಲೆ ನಿಧಾನವಾಗಿ ಹತ್ತು ಎಣಿಸಿಯೇ ಸೂಜಿ ತೆಗೆಯಿರಿ. ನಮ್ಮ ಮನೆಯಲ್ಲಿ ಎಣಿಸುವ ಕೆಲಸ ಮೊಮ್ಮಗನದೇ.

• ಇನ್ಸುಲಿನ್‌ಗೆ ಒಂದು ವಾಸನೆಯಿದೆ, ಆಸ್ಪತ್ರೆಯ ವಾರ್ಡಿನದಂಥ ಘಾಟು. ಸೂಜಿ ತೆಗೆದಮೇಲೆ ಚರ್ಮ ಒದ್ದೆಯಾಗಿ ಆ ವಾಸನೆ ಬಂದರೆ ಸ್ವಲ್ಪ ಔಷಧಿ ಹೊರಗೆ ಬಂದಿದೆ ಎಂದರ್ಥ. ಆಗ ಇನ್ನೊಂದು ಡೋಸ್ ಕೊಡಬೇಡಿ. ಡೋಸ್ ಬರೆಯುವ ಪುಸ್ತಕದಲ್ಲಿ ಬರೆದಿಟ್ಟು ಶುಗರ್ ನೋಡುತ್ತಿರಿ.

• ಒಂದೇ ಜಾಗಕ್ಕೆ ಪದೇ ಪದೇ ಬೇಡ. ಮಕ್ಕಳು ನೋವು ಕಡಿಮೆ ಇರುವ ಒಂದೇ ಕಡೆ ತೋರಿಸುತ್ತಾರೆ, ಅಲ್ಲಿ ಕೊಬ್ಬು ಗಂಟಾಗಿ ನೋವು ಇನ್ನೂ ಕಡಿಮೆಯಾಗುತ್ತದೆ, ಆದರೆ ಔಷಧಿ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಹೊಟ್ಟೆ (ಹೊಕ್ಕುಳಿಂದ ಎರಡು ಬೆರಳು ದೂರ), ತೊಡೆಯ ಹೊರಭಾಗ, ತೋಳಿನ ಹಿಂಭಾಗ, ಪಿರ್ರೆಯ ಮೇಲ್ಭಾಗ, ಇಷ್ಟರಲ್ಲಿ ಮಗು ಆರಿಸಲಿ, ಆದರೆ ನಿನ್ನೆಯ ಜಾಗದಿಂದ ಒಂದು ಬೆರಳಾದರೂ ಸರಿಯಲಿ. ಸ್ನಾನ ಮಾಡಿಸುವಾಗ ಅಂಗೈಯಿಂದ ಸವರಿ ನೋಡಿ; ಗಂಟು ಕಣ್ಣಿಗಿಂತ ಮೊದಲು ಕೈಗೆ ಸಿಗುತ್ತದೆ.

• ತುಂಬಿದ ಮನೆಯಲ್ಲಿ ಅಮ್ಮ ಕೊಟ್ಟಿದ್ದು ಗೊತ್ತಿಲ್ಲದೆ ಅಪ್ಪ ಮತ್ತೊಮ್ಮೆ ಕೊಡುವ ಅಪಾಯವಿದೆ. ಕೊಟ್ಟವರು ಸೂಜಿ ಕೆಳಗಿಡುವ ಮೊದಲೇ ಪುಸ್ತಕದಲ್ಲಿ ಬರೆಯಬೇಕು. "ಕೊಟ್ಟೆನಾ?" ಎಂಬ ಅನುಮಾನ ಬಂದರೆ ಮತ್ತೆ ಕೊಡದೆ ಶುಗರ್ ನೋಡಿ ಡಾಕ್ಟರಿಗೆ ಫೋನ್ ಮಾಡಿ.

• ಮದುವೆಮನೆ. "ಇನ್ನೇನು ಎಲೆ ಹಾಕ್ತಾರೆ" ಎಂಬ ಮಾತನ್ನು ನಂಬಿ ಇಂಜೆಕ್ಷನ್ ಕೊಡಬೇಡಿ. ಮುಹೂರ್ತ ತಡವಾಗುತ್ತದೆ, ಪಂಕ್ತಿ ತುಂಬಿರುತ್ತದೆ, ಅಷ್ಟರಲ್ಲಿ ಶುಗರ್ ಇಳಿದು ಮಗು ಬೆವರಿ ತೂಕಡಿಸುತ್ತದೆ. ಬಡಿಸುವವರಿಗೆ ಮೊದಲೇ ಹೇಳಿ ಮಗುವನ್ನು ಮೊದಲ ಪಂಕ್ತಿಯಲ್ಲಿ ಕೂರಿಸಿ, ಕೇಳಲು ಸಂಕೋಚ ಬೇಡ. ಊಟಕ್ಕೆ ಅರ್ಧ ಗಂಟೆ ಮುಂಚೆ ಕೊಡುವ ಇನ್ಸುಲಿನ್ ಆದರೆ ಮನೆಯಿಂದಲೇ ಡಬ್ಬಿ ಒಯ್ಯುವುದು ಒಳ್ಳೆಯದು.

• ಶುಗರ್ 70ಕ್ಕಿಂತ ಕೆಳಗಿಳಿದರೆ ಸಕ್ಕರೆ ನೀರು ಅಥವಾ ಗ್ಲೂಕೋಸ್ ಪುಡಿ ಕೊಡಿ. ಚಾಕಲೇಟು, ಬಿಸ್ಕತ್ತು ನಿಧಾನ. ದೊಡ್ಡ ಮಕ್ಕಳಿಗೆ ಮೂರು ಟೀ ಚಮಚ ಸಕ್ಕರೆ, ಚಿಕ್ಕವರಿಗೆ ಕಡಿಮೆ, ಎಷ್ಟೆಂದು ಡಾಕ್ಟರಿಂದ ಮೊದಲೇ ಬರೆಸಿಕೊಳ್ಳಿ. ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಒಂದು ಹನಿಯನ್ನೂ ಹಾಕಬೇಡಿ, ಪಕ್ಕಕ್ಕೆ ಹೊರಳಿಸಿ. ಶುಗರ್ ಏರಿಸುವ ಗ್ಲುಕಗಾನ್ ಔಷಧಿ ಮನೆಯಲ್ಲಿದ್ದರೆ ಹೇಳಿಕೊಟ್ಟಂತೆ ಕೊಡಿ, ಆಸ್ಪತ್ರೆಗೆ ಓಡಿ.

• ಜ್ವರ ಬಂದು ಊಟ ಬಿಟ್ಟಿದೆಯೆಂದು ಇನ್ಸುಲಿನ್ ಪೂರ್ತಿ ನಿಲ್ಲಿಸಬೇಡಿ. ಡೋಸ್ ಬದಲಾಗಬಹುದು, ಡಾಕ್ಟರನ್ನು ಕೇಳಿ. ವಾಂತಿ, ಹೊಟ್ಟೆನೋವು, ದೀರ್ಘವಾದ ಉಸಿರಾಟ ಕಂಡರೆ ಬೆಳಗಾಗಲಿ ಎಂದು ಕಾಯಬೇಡಿ.

• ನೆಂಟರು ಹಾಗಲಕಾಯಿ ರಸ, ಮಧುನಾಶಿನಿ, ನಾಟಿ ವೈದ್ಯರ ಪುಡಿ ಎಲ್ಲವನ್ನೂ ಪ್ರೀತಿಯಿಂದಲೇ ಹೇಳುತ್ತಾರೆ. "ಇನ್ಸುಲಿನ್ ಅಭ್ಯಾಸ ಮಾಡಿಸಬೇಡಿ" ಅಂತಲೂ ಅನ್ನುತ್ತಾರೆ. ಈ ಮಕ್ಕಳ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ಮಾಡುವ ಜೀವಕೋಶಗಳೇ ನಾಶವಾಗಿರುತ್ತವೆ. ಸಿಹಿ ತಿಂದದ್ದಕ್ಕೆ ಬಂದದ್ದಲ್ಲ, ತಾಯಿಯ ತಪ್ಪೂ ಅಲ್ಲ. 1922ರ ಜನವರಿಯಲ್ಲಿ ಟೊರೊಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಸಲ ಇನ್ಸುಲಿನ್ ಕೊಟ್ಟರು. ಅದಕ್ಕೆ ಮೊದಲು ಈ ಮಕ್ಕಳು ಉಳಿಯುತ್ತಿರಲಿಲ್ಲ. ಇದನ್ನು ಜಗಳವಿಲ್ಲದೆ, ಆದರೆ ಗಟ್ಟಿಯಾಗಿ ಹೇಳಿ. ಸೊಸೆಯ ಬಾಯಿಂದ ಈ ಮಾತು ಕೇಳಲು ಹಿರಿಯರಿಗೆ ಕಷ್ಟ. ಅಜ್ಜಿ ತಾತಂದಿರೇ ಮುಂದೆ ನಿಂತು ಹೇಳಬೇಕು.

• ಹೆಣ್ಣುಮಗುವಾದರೆ "ನಾಳೆ ಮದುವೆಗೆ ತೊಂದರೆ" ಎಂದು ಸ್ಕೂಲಿನಲ್ಲೂ ಮುಚ್ಚಿಡುತ್ತಾರೆ. ಇದು ನನಗೆ ಬಹಳ ನೋವು ಕೊಡುವ ಸಂಗತಿ. ಬಚ್ಚಲಲ್ಲಿ ಅಡಗಿ ಚುಚ್ಚಿಕೊಳ್ಳುವ ಹುಡುಗಿ ಕೊನೆಗೆ ಚುಚ್ಚಿಕೊಳ್ಳುವುದನ್ನೇ ಬಿಡುತ್ತಾಳೆ. ಕ್ಲಾಸ್ ಟೀಚರು, ಪಿ.ಟಿ. ಮೇಷ್ಟ್ರು, ವ್ಯಾನ್ ಡ್ರೈವರು, ಜೊತೆಯ ಗೆಳತಿ, ಇವರಿಗಾದರೂ ಗೊತ್ತಿರಲೇಬೇಕು. ಒಂದು ಹಾಳೆಯಲ್ಲಿ ಲಕ್ಷಣ, ಮಾಡಬೇಕಾದ್ದು, ಫೋನ್ ನಂಬರು ಬರೆದುಕೊಡಿ.

• ಬಳಸಿದ ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಗೆ ಹಾಕಿ, ತುಂಬಿದಮೇಲೆ ಟೇಪು ಸುತ್ತಿ ಆಸ್ಪತ್ರೆಗೆ ಕೊಡಿ. ಕಸದ ಚೀಲಕ್ಕೆ ಹಾಕಿದರೆ ಅದು ಪೌರಕಾರ್ಮಿಕರ ಕೈಗೆ ಚುಚ್ಚುತ್ತದೆ.

• ಖರ್ಚು ಕೈಮೀರಿದಾಗ ಡೋಸ್ ಕಡಿಮೆ ಮಾಡಿ ಬಾಟಲಿ ಎಳೆದಾಡಿಸಬೇಡಿ. ಜಿಲ್ಲಾಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ಕಿನಲ್ಲಿ (ಸಾಂಕ್ರಾಮಿಕವಲ್ಲದ ಕಾಯಿಲೆಗಳ ವಿಭಾಗ) ಕೇಳಿ. ಬೆಂಗಳೂರಿನಲ್ಲಿ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸರ್ಕಾರದ್ದೇ, ಅಲ್ಲೂ ಕೇಳಿ ನೋಡಿ. ಇನ್ಸುಲಿನ್ ಮುಗಿಯುವ ವಾರಕ್ಕೆ ಮೊದಲೇ ಹೊರಡಿ, ಕೊನೆಯ ಬಾಟಲಿ ಹಿಡಿದುಕೊಂಡು ಅಲ್ಲ.