ಕೋಚ್ ಬದಲಾದ್ರೆ ನಿಜವಾಗಿ ಏನು ಬದಲಾಗುತ್ತೆ?

ಭಾರತ ಹಾಕಿ ತಂಡ ದೊಡ್ಡ ಟೂರ್ನಿಯಲ್ಲಿ ಸೋತರೆ ಎರಡು ಸುದ್ದಿ ಗ್ಯಾರಂಟಿ. ಒಂದು ಸೋಲಿನ ಸುದ್ದಿ, ಇನ್ನೊಂದು ಸ್ವಲ್ಪ ದಿನ ಬಿಟ್ಟು ಬರುವ ಮುಖ್ಯ ಕೋಚ್ ರಾಜೀನಾಮೆಯ ಸುದ್ದಿ. ಎರಡನೆಯದನ್ನ ಓದಿ ನಾವೆಲ್ಲ ‘ಸರಿ, ಇನ್ನಾದ್ರೂ ಸುಧಾರಿಸಬಹುದು’ ಅಂದ್ಕೊಂಡು ಪುಟ ತಿರುಗಿಸ್ತೀವಿ. ಕೋಚ್ ಹೋದರೆ ತಂಡದ ಒಳಗೆ ಯಾವ ಭಾಗ ಬದಲಾಗುತ್ತೆ, ಯಾವ ಭಾಗ ಹಾಗೇ ಉಳಿಯುತ್ತೆ, ಬದಲಾವಣೆಯ ಫಲ ಯಾವಾಗ ಕಾಣುತ್ತೆ? ನಾಲ್ಕೈದನೇ ಸೆಮಿಸ್ಟರ್‌ನಲ್ಲಿ ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಈ ಪ್ರಶ್ನೆ ಪರಿಚಿತ ಅನ್ನಿಸಬೇಕು. ಭಾರತದ ಪುರುಷರ ತಂಡವನ್ನೇ ಉದಾಹರಣೆಯಾಗಿ ಇಟ್ಕೊಂಡು ನೋಡೋಣ. ಅದರ ರಾಷ್ಟ್ರೀಯ ಶಿಬಿರ ಬಹುಪಾಲು ನಡೆಯೋದು ನಮ್ಮ ಬೆಂಗಳೂರಿನ ಸಾಯ್ ಕೇಂದ್ರದಲ್ಲೇ.

ಮೊದಲು ಇತಿಹಾಸ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಹನ್ನೆರಡು ತಂಡಗಳಲ್ಲಿ ಭಾರತ ಹನ್ನೆರಡನೆಯದು. ಆಗಿನ ಕೋಚ್ ಆಸ್ಟ್ರೇಲಿಯಾದ ಮೈಕೆಲ್ ನಾಬ್ಸ್ 2013ರ ಜುಲೈನಲ್ಲಿ ಹೊರಬಿದ್ದರು. ಅಲ್ಲಿಂದ ಆರು ವರ್ಷ ತುಂಬುವ ಮೊದಲೇ ಐದು ಮುಖ್ಯ ಕೋಚ್‌ಗಳು ಬಂದು ಹೋದರು. ಟೆರ್ರಿ ವಾಲ್ಶ್ 2014ರ ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಹದಿನಾರು ವರ್ಷಗಳ ನಂತರ ಚಿನ್ನ ಗೆಲ್ಲಿಸಿಕೊಟ್ಟರು, ರಿಯೊ ಟಿಕೆಟ್ಟೂ ಅದರ ಜೊತೆಗೇ ಬಂತು. ಆದರೂ ಕೆಲವೇ ವಾರಗಳಲ್ಲಿ ಒಪ್ಪಂದದ ತಕರಾರಿನಲ್ಲಿ ಹೊರಟರು. ಪಾಲ್ ವಾನ್ ಆಸ್ 2015ರ ಜನವರಿಯಲ್ಲಿ ಬಂದು ಜುಲೈನಲ್ಲಿ ಹೋದರು, ಅಂದರೆ ನಮ್ಮ ಒಂದು ಸೆಮಿಸ್ಟರ್. ರೋಲಂಟ್ ಓಲ್ಟ್‌ಮನ್ಸ್ 2017ರ ಸೆಪ್ಟೆಂಬರ್‌ವರೆಗೆ. ಆಮೇಲೆ ಶೋರ್ಡ್ ಮರೈನ್, ಅವರನ್ನ ಮಹಿಳಾ ತಂಡದಿಂದ ಕರೆತಂದದ್ದು. 2018ರ ಮೇ ತಿಂಗಳಲ್ಲಿ ಅದಲುಬದಲು: ಮರೈನ್ ವಾಪಸ್ ಮಹಿಳಾ ತಂಡಕ್ಕೆ, ಮಹಿಳಾ ತಂಡದಲ್ಲಿದ್ದ ಹರೇಂದ್ರ ಸಿಂಗ್ ಪುರುಷರ ತಂಡಕ್ಕೆ. 2018ರ ವಿಶ್ವಕಪ್ ಕ್ವಾರ್ಟರ್ ಫೈನಲ್‌ನಲ್ಲಿ ನೆದರ್‌ಲೆಂಡ್ಸ್ ಎದುರು ಸೋತ ಮೇಲೆ, 2019ರ ಜನವರಿಯಲ್ಲಿ ಹರೇಂದ್ರ ಕೂಡ ಹೊರಗೆ.

ಈ ಕುರ್ಚಿ ಆಟ ಆಟಗಾರನ ಕಡೆಯಿಂದ ಹೇಗಿರುತ್ತೆ? ಸೋಮವಾರಪೇಟೆಯ ಎಸ್.ವಿ. ಸುನಿಲ್ ಅವರನ್ನೇ ತಗೊಳ್ಳಿ. 2007ರಲ್ಲಿ ಭಾರತ ತಂಡಕ್ಕೆ ಬಂದರು, 2021ರ ಅಕ್ಟೋಬರ್‌ನಲ್ಲಿ ನಿವೃತ್ತಿ, 264 ಪಂದ್ಯ. ಆ ಹದಿನಾಲ್ಕು ವರ್ಷದಲ್ಲಿ ರಾಷ್ಟ್ರೀಯ ತಂಡಕ್ಕೆ ಬಂದ ಮುಖ್ಯ ಕೋಚ್‌ಗಳನ್ನ ಎಣಿಸಿ: ಕಾರ್ವಾಲೊ, ಬ್ರಾಸಾ, ನಾಬ್ಸ್, ವಾಲ್ಶ್, ವಾನ್ ಆಸ್, ಓಲ್ಟ್‌ಮನ್ಸ್, ಮರೈನ್, ಹರೇಂದ್ರ, ರೀಡ್. ಮಧ್ಯದ ಹಂಗಾಮಿಗಳನ್ನ ಬಿಟ್ಟೇ ಒಂಬತ್ತು! ಒಬ್ಬ ಸ್ಪೇನಿನವರು, ಮೂವರು ಡಚ್ಚರು, ಮೂವರು ಆಸ್ಟ್ರೇಲಿಯನ್ನರು, ಇಬ್ಬರು ನಮ್ಮವರು. ಒಬ್ಬರು ಚೆಂಡು ಹೋದ ತಕ್ಷಣ ಎದುರಾಳಿಯ ಅರ್ಧದಲ್ಲೇ ಮುತ್ತಿಗೆ ಹಾಕಿ ಅಂದರೆ, ಇನ್ನೊಬ್ಬರು ಹಿಂದೆ ಬಂದು ಜಾಗ ಮುಚ್ಚಿ ಅಂತಾರೆ. ಸುನಿಲ್ ಥರದ ವೇಗದ ಫಾರ್ವರ್ಡ್‌ಗೆ ಇವೆರಡರ ನಡುವೆ ಅಜಗಜಾಂತರ. ಪ್ರತಿ ಎರಡು ವರ್ಷಕ್ಕೆ ಸಿಲಬಸ್, ಪ್ರಶ್ನೆಪತ್ರಿಕೆ, ಮೇಷ್ಟ್ರು ಮೂರೂ ಬದಲಾಗೋ ವಿಶ್ವವಿದ್ಯಾಲಯವನ್ನ ಊಹಿಸ್ಕೊಳ್ಳಿ. (ಕೆಲವರು ಊಹಿಸಬೇಕಾಗಿಲ್ಲ, ಗೊತ್ತು.)

ಇನ್ನು ‘ಕೋಚ್’ ಅನ್ನೋ ಪದ. ಈಗಿನ ಹಾಕಿಯಲ್ಲಿ ಅದು ಒಬ್ಬ ವ್ಯಕ್ತಿ ಅಲ್ಲ, ಒಂದು ಗುಂಪು. ಮುಖ್ಯ ಕೋಚ್ ಜೊತೆ ಸಹಾಯಕ ಕೋಚ್ ಇರ್ತಾರೆ. ವಿಡಿಯೊ ಕತ್ತರಿಸಿ, ಎದುರಾಳಿಯ ಪೆನಾಲ್ಟಿ ಕಾರ್ನರ್ ಮಾದರಿಗಳನ್ನ ಹುಡುಕಿ ಕೊಡೋದು ಅನಲಿಟಿಕಲ್ ಕೋಚ್. ಆಟಗಾರರ ಬೆನ್ನಿಗೆ ಕಟ್ಟಿದ ಜಿಪಿಎಸ್‌ನಿಂದ ಯಾರು ಎಷ್ಟು ಓಡಿದರು, ಯಾರಿಗೆ ವಿಶ್ರಾಂತಿ ಬೇಕು ಅಂತ ಲೆಕ್ಕ ಹಾಕೋದು ಸೈಂಟಿಫಿಕ್ ಅಡ್ವೈಸರ್. ಗೋಲ್‌ಕೀಪರ್‌ಗೆ, ಡ್ರ್ಯಾಗ್ ಫ್ಲಿಕ್‌ಗೆ ಆಗಾಗ ಬಂದು ಹೋಗೋ ತಜ್ಞರು ಬೇರೆ. ಇವರೆಲ್ಲರ ಮೇಲೆ, ಜೂನಿಯರ್ ಮತ್ತು ಸೀನಿಯರ್ ತಂಡಗಳ ನಡುವಿನ ಕೊಂಡಿಯಾಗಿ ಹೈ ಪರ್ಫಾರ್ಮೆನ್ಸ್ ಡೈರೆಕ್ಟರ್. 2023ರ ಜನವರಿಯಲ್ಲಿ ಗ್ರಹಾಂ ರೀಡ್ ರಾಜೀನಾಮೆ ಕೊಟ್ಟಾಗ ಅನಲಿಟಿಕಲ್ ಕೋಚ್ ಗ್ರೆಗ್ ಕ್ಲಾರ್ಕ್, ಸೈಂಟಿಫಿಕ್ ಅಡ್ವೈಸರ್ ಮಿಚೆಲ್ ಪೆಂಬರ್ಟನ್ ಕೂಡ ಹೊರಟರು. ಶೀರ್ಷಿಕೆಯಲ್ಲಿ ಬಂದದ್ದು ಒಂದೇ ಹೆಸರು. ಯಾವ ಆಟಗಾರನ ಯಾವ ಮಂಡಿ ಎಷ್ಟು ಹೊರೆ ತಡೆಯುತ್ತೆ ಅನ್ನೋ ಅನುಭವ ಮಾತ್ರ ಉಳಿದಿಬ್ಬರ ಜೊತೆ ಹೋಗುತ್ತೆ. ಫೈಲು ಉಳಿದರೂ ಅದನ್ನ ಓದೋ ಕಣ್ಣು ಉಳಿಯಲ್ಲ.

ಈಗ ನಮ್ಮ ಪಾಠಕ್ಕೆ. ಹಾಸ್ಟೆಲ್ ಬಾತ್‌ರೂಮಿನಲ್ಲಿ ಸೋಲಾರ್ ನೀರಿನ ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲ್ಲ. ಪೈಪಿನಲ್ಲಿ ನಿಂತ ತಣ್ಣೀರು ಖಾಲಿಯಾಗಬೇಕು. ತಾಳ್ಮೆ ಇಲ್ಲದವನು ಇನ್ನಷ್ಟು ತಿರುಗಿಸ್ತಾನೆ, ಸುಡು ನೀರು ಬರುತ್ತೆ. ಕೂಗಿ ಪೂರ್ತಿ ತಣ್ಣೀರಿನ ಕಡೆ ತಿರುಗಿಸ್ತಾನೆ, ಮತ್ತೆ ನಡುಗ್ತಾನೆ. ಇದನ್ನೇ ನಾವು ಡೆಡ್ ಟೈಮ್ ಇರುವ ಸಿಸ್ಟಮ್ ಅಂತ ಓದಿರೋದು. ಫೀಡ್‌ಬ್ಯಾಕ್ ತಡವಾಗಿ ಬರುವಾಗ, ಸಿಸ್ಟಮ್ ನೆಲೆಗೊಳ್ಳುವ ಮೊದಲೇ ಜೋರಾಗಿ ತಿದ್ದುತ್ತಾ ಹೋದರೆ ಔಟ್‌ಪುಟ್ ಸ್ಥಿರವಾಗೋ ಬದಲು ಓಲಾಡುತ್ತೆ. ಕಂಟ್ರೋಲರ್ ಕೆಟ್ಟದ್ದು ಅಂತಲೇ ಅಲ್ಲ, ಕಾಯುವ ಅವಧಿ ತಪ್ಪು.

ಹಾಕಿಯಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ಕಾಯುವ ಅವಧಿ. ಪೆನಾಲ್ಟಿ ಕಾರ್ನರ್‌ನ ಹೊಸ ತಂತ್ರ ಒಂದು ಶಿಬಿರದಲ್ಲಿ ಕೂರಬಹುದು. ದೈಹಿಕ ಸಾಮರ್ಥ್ಯಕ್ಕೆ ತಿಂಗಳುಗಳು ಬೇಕು. ಇಡೀ ತಂಡ ಒಂದೇ ಥರ ಯೋಚಿಸಿ ಓಡೋದಕ್ಕೆ ಒಂದೆರಡು ವರ್ಷ. ಹದಿನಾಲ್ಕರ ಹುಡುಗ ಒಲಿಂಪಿಕ್ಸ್ ಆಟಗಾರನಾಗೋದಕ್ಕೆ ಎಂಟೋ ಹತ್ತೋ ವರ್ಷ. ನಾವು ಅಳೆಯೋದು ಮಾತ್ರ ಎರಡು ವಾರದ ಟೂರ್ನಿಯಿಂದ.

ನಮ್ಮ ಕ್ಲಬ್ಬಿನಲ್ಲಿ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ. ನಮ್ಮ ಕಡೆ ಹಾಕಿ ಅಷ್ಟಕ್ಕಷ್ಟೇ, ಊರ ಹಬ್ಬಕ್ಕೆ ವಾಲಿಬಾಲ್, ಕಬಡ್ಡಿ. ಆದರೆ ಅಡಿಕೆ ತೋಟ ಗೊತ್ತು. ಈ ವರ್ಷ ಕೊಳೆರೋಗ ಬಂದರೆ ಔಷಧಿ ಹೊಡೆದವನ ಮೇಲೆ ಸಿಟ್ಟು ಬರುತ್ತೆ. ಮಳೆ ಹಿಡಿಯೋ ಮುಂಚೆ ಬೋರ್ಡೋ ಸರಿಯಾಗಿ ಹೊಡೆದಿಲ್ಲ ಅಂದರೆ ಆ ಸಿಟ್ಟು ನ್ಯಾಯವೇ. ಆದರೆ ತೋಟದ ಒಟ್ಟು ಫಸಲು ನಿಂತಿರೋದು ಆರೇಳು ವರ್ಷ ಹಿಂದೆ ಯಾವ ಸಸಿ ನೆಟ್ಟರು, ಬಸಿಗಾಲುವೆ ಎಷ್ಟು ಆಳ ತೆಗೆದರು, ಗೊಬ್ಬರ ಹಾಕಿದರಾ ಇಲ್ಲವಾ ಅನ್ನೋದರ ಮೇಲೆ. ನೆಟ್ಟವರು ಒಬ್ಬರು, ಕೊನೆ ಇಳಿಸುವಾಗ ಕೆಳಗೆ ನಿಂತು ಹೊಗಳಿಸಿಕೊಳ್ಳೋರು ಇನ್ನೊಬ್ಬರು. ಹಾಕಿಯಲ್ಲೂ ಹಾಗೇ.

ಲೆಕ್ಕಕ್ಕೆ ಬನ್ನಿ. 2013ರ ಕೊನೆಯಲ್ಲಿ ದೆಹಲಿಯಲ್ಲಿ ನಡೆದ ಜೂನಿಯರ್ ವಿಶ್ವಕಪ್‌ನಲ್ಲಿ ಭಾರತಕ್ಕೆ ಹತ್ತನೇ ಸ್ಥಾನ. ನಂತರ ಜೂನಿಯರ್ ತಂಡ ಹರೇಂದ್ರ ಸಿಂಗ್ ಕೈಗೆ ಬಂತು. ಸೀನಿಯರ್ ತಂಡದ ಕುರ್ಚಿ ತಿರುಗುತ್ತಲೇ ಇದ್ದ ಅದೇ ಕಾಲದಲ್ಲಿ ಈ ಹುಡುಗರ ಜೊತೆ ಒಬ್ಬರೇ ನಿಂತರು. ಓಲ್ಟ್‌ಮನ್ಸ್ ಕೂಡ ಮುಖ್ಯ ಕೋಚ್ ಆಗುವ ಮೊದಲೇ, 2013ರಿಂದ ಹೈ ಪರ್ಫಾರ್ಮೆನ್ಸ್ ಡೈರೆಕ್ಟರ್ ಆಗಿ ಒಳಗಿದ್ದರು. 2016ರ ಡಿಸೆಂಬರ್ 18ರಂದು ಲಖನೌದಲ್ಲಿ ಬೆಲ್ಜಿಯಂ ವಿರುದ್ಧ 2-1ರಿಂದ ಗೆದ್ದು ಭಾರತ ಹದಿನೈದು ವರ್ಷಗಳ ನಂತರ ಜೂನಿಯರ್ ವಿಶ್ವ ಚಾಂಪಿಯನ್. ಗೋಲು ಹೊಡೆದವರು ಗುರ್ಜಂತ್ ಸಿಂಗ್, ಸಿಮ್ರನ್‌ಜೀತ್ ಸಿಂಗ್.

ಐದು ವರ್ಷ ಮುಂದೆ ಹೋಗಿ. 2021ರ ಆಗಸ್ಟ್ 5, ಟೋಕಿಯೊ. ಜರ್ಮನಿಯನ್ನ 5-4ರಿಂದ ಸೋಲಿಸಿ ಭಾರತಕ್ಕೆ 41 ವರ್ಷಗಳ ನಂತರ ಒಲಿಂಪಿಕ್ಸ್ ಹಾಕಿ ಪದಕ. ಆ ಪಂದ್ಯದಲ್ಲಿ ಎರಡು ಗೋಲು ಅದೇ ಸಿಮ್ರನ್‌ಜೀತ್‌ದು. ಹರ್ಮನ್‌ಪ್ರೀತ್, ಮನ್‌ದೀಪ್, ಸುಮಿತ್, ವರುಣ್ ಕುಮಾರ್, ನೀಲಕಂಠ ಶರ್ಮಾ, ಗುರ್ಜಂತ್ ಕೂಡ ಸೇರಿ ಲಖನೌದ ಏಳು ಹುಡುಗರು ಟೋಕಿಯೊ ತಂಡದಲ್ಲಿದ್ದರು. ಬೆಂಚಿನಲ್ಲಿ ಕೂತಿದ್ದವರು ಗ್ರಹಾಂ ರೀಡ್. ರೀಡ್ ಮಾಡಿದ ಕೆಲಸ ಸಣ್ಣದಲ್ಲ: 2020ರ ಲಾಕ್‌ಡೌನ್‌ನಲ್ಲಿ ತಂಡ ಬೆಂಗಳೂರಿನ ಸಾಯ್ ಆವರಣದಲ್ಲೇ ತಿಂಗಳುಗಟ್ಟಲೆ ಸಿಕ್ಕಿಕೊಂಡಾಗ ಅದನ್ನ ಚದುರದ ಹಾಗೆ ಹಿಡಿದಿಟ್ಟವರು ಅವರು. ಆದರೆ ಅವರು ಭಾರತಕ್ಕೆ ಬರುವ ಎರಡೂವರೆ ವರ್ಷ ಮೊದಲೇ ಸಸಿ ಫಲ ಹಿಡಿದಿತ್ತು. ಅದನ್ನ ಬೆಳೆಸಿದವರನ್ನ, ಟೋಕಿಯೊಗೆ ಮುಂಚೆಯೇ ಸೀನಿಯರ್ ತಂಡದಿಂದ ಇಳಿಸಿ ಆಗಿತ್ತು. ಇಳಿಸುವಾಗ ಹಾಕಿ ಇಂಡಿಯಾ ಅವರಿಗೆ ಮತ್ತೆ ಜೂನಿಯರ್ ತಂಡ ನೋಡಿಕೊಳ್ಳಿ ಅಂದಿತ್ತು. ನನಗೆ ಈ ಇಡೀ ಕತೆಯಲ್ಲಿ ಕುತೂಹಲ ಅನ್ನಿಸಿದ ಜಾಗ ಇದು. ಹುಡುಗರನ್ನ ಬೆಳೆಸೋದು ನಮ್ಮಲ್ಲಿ ಹಿಂಬಡ್ತಿಯ ಹಾಗೆ ಕಾಣುತ್ತೆ.

ಇನ್ನೊಂದು ಪ್ರಯೋಗ, ಯಾರೂ ಬೇಕಂತ ಮಾಡಿದ್ದಲ್ಲ. 2023ರ ಜನವರಿ 22, ಭುವನೇಶ್ವರ. ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 3-1 ಮುಂದಿದ್ದ ಭಾರತ 3-3ಕ್ಕೆ ಇಳಿದು ಶೂಟೌಟ್‌ನಲ್ಲಿ ಸೋತಿತು. ರೀಡ್ ಹೊರಟರು. ಹೊಸಬರಾದ ಕ್ರೇಗ್ ಫುಲ್ಟನ್ ಇನ್ನೂ ಕೆಲಸಕ್ಕೆ ಬಂದಿರಲಿಲ್ಲ. ಮಾರ್ಚ್‌ನಲ್ಲಿ ರೂರ್ಕೆಲಾದ ಪ್ರೊ ಲೀಗ್ ಪಂದ್ಯಗಳಿಗೆ ಡೇವಿಡ್ ಜಾನ್, ಕರ್ನಾಟಕದ ಬಿ.ಜೆ. ಕಾರ್ಯಪ್ಪ, ಶಿವೇಂದ್ರ ಸಿಂಗ್ ಹಂಗಾಮಿಯಾಗಿ ನಿಂತರು. ಆಗಷ್ಟೇ ವಿಶ್ವ ಚಾಂಪಿಯನ್ ಆಗಿದ್ದ ಜರ್ಮನಿಯನ್ನ ಭಾರತ ನಾಲ್ಕು ದಿನದೊಳಗೆ 3-2, 6-3ರಿಂದ ಎರಡು ಸಲ ಸೋಲಿಸಿತು! ಪ್ರಾಬಬಿಲಿಟಿ ಓದಿದವರು ಇಲ್ಲಿ ಒಂದು ನಿಮಿಷ ನಿಲ್ಲಬೇಕು. ತೀರಾ ಕೆಟ್ಟ ಫಲಿತಾಂಶದ ನಂತರದ ಫಲಿತಾಂಶ ಸಾಮಾನ್ಯವಾಗಿ ಸರಾಸರಿಯ ಕಡೆ ವಾಪಸ್ ಬರುತ್ತೆ. ಕೋಚ್‌ನ ತೆಗೆಯೋದೂ ತೀರಾ ಕೆಟ್ಟ ಫಲಿತಾಂಶದ ನಂತರವೇ. ಹಾಗಾಗಿ ಹೊಸ ಕೋಚ್ ಏನೂ ಮಾಡದಿದ್ದರೂ ತಂಡ ‘ಸುಧಾರಿಸಿದ’ ಹಾಗೆ ಕಾಣೋ ಸಾಧ್ಯತೆ ಹೆಚ್ಚು. ಎರಡೇ ಪಂದ್ಯದಿಂದ ಸಿದ್ಧಾಂತ ಕಟ್ಟೋದು ಬೇಡ, ಆದರೆ ಈ ಅನುಮಾನ ತಲೇಲಿ ಇರಲಿ.

ಫುಲ್ಟನ್ ಬೆಲ್ಜಿಯಂ ಟೋಕಿಯೊದಲ್ಲಿ ಚಿನ್ನ ಗೆದ್ದಾಗ ಅಲ್ಲಿ ಸಹಾಯಕ ಕೋಚ್ ಆಗಿದ್ದವರು. ಬಂದವರು ಎಲ್ಲವನ್ನೂ ಕೆಡವಲಿಲ್ಲ. ರಕ್ಷಣೆಯನ್ನ ಬಿಗಿ ಮಾಡಿದರು, ಮಾನಸಿಕ ತರಬೇತಿಗೆ ಪ್ಯಾಡಿ ಅಪ್ಟನ್ ಬಂದರು, ಶಿವೇಂದ್ರ ಮುಂದುವರಿದರು. 2024ರ ಪ್ಯಾರಿಸ್ ತಂಡದ ಹದಿನಾರು ಜನರಲ್ಲಿ ಹನ್ನೊಂದು ಮಂದಿ ಟೋಕಿಯೊದವರೇ. ಸ್ಪೇನ್ ವಿರುದ್ಧ 2-1, ಮತ್ತೆ ಕಂಚು. ಮುಖ್ಯ ಕೋಚ್ ಬದಲಾದರೂ ಒಳಗಿನ ಸಿಸ್ಟಮ್ ಬದಲಾಗದೆ ಉಳಿದದ್ದಕ್ಕೆ ಇದು ಒಳ್ಳೆ ಉದಾಹರಣೆ. 2018ರಿಂದ ಒಡಿಶಾ ಸರ್ಕಾರದ ಪ್ರಾಯೋಜಕತ್ವ ನಿಂತು ಹೋಗದೆ ಇದ್ದದ್ದನ್ನೂ ಇದರ ಜೊತೆಗೇ ಲೆಕ್ಕ ಹಾಕಬೇಕು.

ಹಾಗಾದರೆ ಕೋಚ್‌ನ ಬದಲಾಯಿಸಲೇಬಾರದಾ? ಹಾಗಲ್ಲ. 1998ರಲ್ಲಿ ಬ್ಯಾಂಕಾಕ್ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ಮೇಲೂ ಕೋಚ್ ಎಂ.ಕೆ. ಕೌಶಿಕ್ ಅವರನ್ನ ಬದಲಾಯಿಸಿದರು. ಫೈನಲ್ಲಿನ ಶೂಟೌಟ್‌ನಲ್ಲಿ ತಂಡ ಉಳಿಸಿದ ಗೋಲ್‌ಕೀಪರ್ ಆಶಿಶ್ ಬಲ್ಲಾಳ್, ನಾಯಕ ಧನರಾಜ್ ಪಿಳ್ಳೈ ಸೇರಿ ಹಲವರನ್ನ ತಂಡದಿಂದ ಕೈಬಿಟ್ಟರು. ಅದು ಹುಚ್ಚುತನ, ಬೇರೆ ಪದ ಇಲ್ಲ. 2004ರಲ್ಲಿ ಅಥೆನ್ಸ್‌ಗೆ ಕೆಲವೇ ವಾರ ಇರುವಾಗ ರಾಜಿಂದರ್ ಸಿಂಗ್ ಜಾಗಕ್ಕೆ ಜರ್ಮನಿಯ ಗೆರ್ಹಾರ್ಡ್ ರಾಖ್ ಅವರನ್ನ ತಂದದ್ದೂ ಅದೇ ಜಾತಿಯದು. ಸಿಕ್ಕಿದ್ದು ಏಳನೇ ಸ್ಥಾನ. ಆದರೆ ಮಹಿಳಾ ತಂಡ ನೋಡಿ: 2016ರ ರಿಯೊದಲ್ಲಿ ಹನ್ನೆರಡನೇ ಸ್ಥಾನ, ಮರೈನ್ ವಾಪಸಾಗಿ ಮೂರು ವರ್ಷ ನಿಂತ ಮೇಲೆ ಟೋಕಿಯೊದಲ್ಲಿ ನಾಲ್ಕನೇ ಸ್ಥಾನ. ಅವರ ನಂತರ ತಂಡದ ಒಳಗೇ ಇದ್ದ ಅನಲಿಟಿಕಲ್ ಕೋಚ್ ಯಾನೆಕೆ ಶಾಪ್‌ಮನ್ ಮುಖ್ಯ ಕೋಚ್ ಆದರು. ಪುಸ್ತಕದ ಪ್ರಕಾರ ಇದು ಆದರ್ಶ ವರ್ಗಾವಣೆ. ಆದರೂ 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನ್ ಎದುರು 0-1ರಿಂದ ಸೋತು ಪ್ಯಾರಿಸ್ ಕೈ ತಪ್ಪಿತು. ನಿರಂತರತೆ ಇದ್ದರೆ ಗೆಲುವು ಖಚಿತ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಿರಂತರತೆಯಿಂದ ಸಿಗೋ ಲಾಭ ಬೇರೆ: ತಪ್ಪು ಎಲ್ಲಿದೆ ಅಂತ ಗುರುತಿಸೋಕೆ ಆಗುತ್ತೆ. ಎಲ್ಲ ವೇರಿಯಬಲ್‌ಗಳನ್ನ ಒಟ್ಟಿಗೆ ಬದಲಾಯಿಸಿದ ಪ್ರಯೋಗದಿಂದ ಲ್ಯಾಬಿನಲ್ಲಿ ಯಾವ ರೀಡಿಂಗೂ ಉಪಯೋಗಕ್ಕೆ ಬರಲ್ಲ ಅಲ್ವಾ?

ನಿಜವಾಗಿ ಭಯಪಡಬೇಕಾದ ಬದಲಾವಣೆ ಸುದ್ದಿಯಾಗದ್ದು. ಕೊಡಗಿನಲ್ಲಿ ಕೂಡಿಗೆ ಕ್ರೀಡಾಶಾಲೆ, ಪೊನ್ನಂಪೇಟೆ ಹಾಸ್ಟೆಲ್, ಮಡಿಕೇರಿಯ ಸಾಯ್ ಕೇಂದ್ರದಂಥ ಜಾಗಗಳಲ್ಲಿ ಹದಿಮೂರು ಹದಿನಾಲ್ಕರ ಮಕ್ಕಳಿಗೆ ಸ್ಟಿಕ್ ಹಿಡಿಯೋದು, ಚೆಂಡು ನಿಲ್ಲಿಸೋದು ಕಲಿಸ್ತಾರಲ್ಲ, ಆ ತರಬೇತುದಾರರು. ಅಂಥ ಒಬ್ಬರಿಗೆ ವರ್ಗವಾದರೆ, ಗುತ್ತಿಗೆ ಮುಗಿದು ಆರು ತಿಂಗಳು ಜಾಗ ಖಾಲಿ ಬಿದ್ದರೆ, ಪತ್ರಿಕೆಯಲ್ಲಿ ಒಂದು ಸಾಲೂ ಬರಲ್ಲ. ಅದರ ಎರರ್ ಸಿಗ್ನಲ್ ಕಾಣಿಸೋದು ಎಂಟು ವರ್ಷದ ನಂತರ, ರಾಷ್ಟ್ರೀಯ ಶಿಬಿರದ ಪಟ್ಟಿಯಲ್ಲಿ ನಮ್ಮ ಕಡೆಯ ಹೆಸರು ಇಲ್ಲದೆ ಇದ್ದಾಗ. ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಅರ್ಜುನ್ ಹಾಲಪ್ಪ, ವಿ.ಆರ್. ರಘುನಾಥ್, ಸುನಿಲ್ ಅಂತ ಸಾಲಾಗಿ ಆಟಗಾರರನ್ನ ಕೊಟ್ಟ ರಾಜ್ಯ ಇದು. ಟೋಕಿಯೊ, ಪ್ಯಾರಿಸ್ ಎರಡೂ ಕಂಚಿನ ತಂಡಗಳಲ್ಲಿ ಕರ್ನಾಟಕದ ಒಬ್ಬ ಆಟಗಾರನೂ ಇರಲಿಲ್ಲ. ಅದಕ್ಕೆ ಓಲ್ಟ್‌ಮನ್ಸ್, ರೀಡ್, ಫುಲ್ಟನ್ ಯಾರೂ ಕಾರಣ ಅಲ್ಲ.

ಪ್ಯಾರಿಸ್ ಮುಗಿದ ಮೇಲೆ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ನಿವೃತ್ತರಾಗಿ ನೇರ ಜೂನಿಯರ್ ತಂಡದ ಕೋಚ್ ಆದರು. ಹರೇಂದ್ರ ಅವರಿಗೆ ಹಿಂಬಡ್ತಿಯ ಹಾಗೆ ಕೊಡೋಕೆ ಹೋದ ಅದೇ ಕೆಲಸ. 2024ರಲ್ಲಿ ಮಸ್ಕತ್‌ನಲ್ಲಿ ಪಾಕಿಸ್ತಾನವನ್ನ ಸೋಲಿಸಿ ಜೂನಿಯರ್ ಏಷ್ಯಾ ಕಪ್, 2025ರ ಡಿಸೆಂಬರ್‌ನಲ್ಲಿ ಚೆನ್ನೈನಲ್ಲಿ ಜೂನಿಯರ್ ವಿಶ್ವಕಪ್ ಕಂಚು. ಲಖನೌದ ಲೆಕ್ಕದಂತೆ ಐದು ವರ್ಷ ಕೊಟ್ಟರೆ, ಆ ಹುಡುಗರ ನಿಜವಾದ ರಿಸಲ್ಟ್ ಬರೋದು 2030ರ ಆಸುಪಾಸು. ಲಾಸ್ ಏಂಜಲೀಸ್ 2028ರಲ್ಲಿ ಅವರಲ್ಲಿ ಎಷ್ಟು ಜನ ಇರ್ತಾರೆ ಅಂತ ಹೆಸರು ಬರೆದಿಟ್ಕೊಂಡು ಎಣಿಸಿ.