ಗ್ರೆನ್‌ಫೆಲ್ ಬೆಂಕಿ: ಸತ್ತವರ ಲೆಕ್ಕವನ್ನು ಜನ ಯಾಕೆ ನಂಬಲಿಲ್ಲ?

ಇವತ್ತಿನ ವಿಷಯ ಸ್ವಲ್ಪ ಭಾರದ್ದು. ಪಕ್ಕದಲ್ಲಿ ಚಿಕ್ಕ ಮಕ್ಕಳಿದ್ದರೆ ಆಮೇಲೆ ಕೇಳಿ.

2017ರ ಜೂನ್ 14. ಮಧ್ಯರಾತ್ರಿ ಕಳೆದು ಇನ್ನೂ ಒಂದು ಗಂಟೆ ಆಗಿರಲಿಲ್ಲ. ಪಶ್ಚಿಮ ಲಂಡನ್ನಿನ ಗ್ರೆನ್‌ಫೆಲ್ ಟವರ್ ಎಂಬ 24 ಮಹಡಿಯ ವಸತಿ ಕಟ್ಟಡದಲ್ಲಿ, ನಾಲ್ಕನೇ ಮಹಡಿಯ ಒಂದು ಅಡುಗೆಮನೆಗೆ ಬೆಂಕಿ ಹತ್ತಿತು. ಕಟ್ಟಡದ ಹೊರಮೈಗೆ ಹೊಸದಾಗಿ ಹೊದಿಸಿದ್ದ ಹಲಗೆಗಳಲ್ಲಿ ಎರಡು ಅಲ್ಯೂಮಿನಿಯಂ ಹಾಳೆಗಳ ನಡುವೆ ಪಾಲಿಥಿನ್ ಇತ್ತು. ಅಡುಗೆಮನೆಯ ಬೆಂಕಿ ಅದಕ್ಕೆ ತಗುಲಿ, ಸುಮಾರು ಅರ್ಧ ಗಂಟೆಯಲ್ಲಿ ತುದಿ ಮುಟ್ಟಿತು. "ನಿಮ್ಮ ಮನೆಯೊಳಗೇ ಇರಿ" ಅಂತ ನಿವಾಸಿಗಳಿಗೆ ಹೇಳುತ್ತಿದ್ದ ಸಲಹೆಯನ್ನು ಹಿಂದಕ್ಕೆ ತೆಗೆದುಕೊಂಡಾಗ ಸಮಯ 2 ಗಂಟೆ 47 ನಿಮಿಷ.

ಬೆಂಕಿ ಹೇಗೆ ಹರಡಿತು ಅನ್ನೋದರ ಬಗ್ಗೆ ಸಾವಿರಾರು ಪುಟಗಳ ತನಿಖಾ ವರದಿ ಇದೆ. ನಾನು ಇವತ್ತು ಮಾತಾಡಬೇಕಿರೋದು ಆಮೇಲಿನ ದಿನಗಳ ಬಗ್ಗೆ, ಬೀದಿಯಲ್ಲಿ ನಿಂತ ಜನ ಕೇಳಿದ ಒಂದು ಪ್ರಶ್ನೆಯ ಬಗ್ಗೆ: ನಿಜವಾಗಿ ಸತ್ತವರು ಎಷ್ಟು?

ಪೊಲೀಸರು ಕೊಟ್ಟ ಸಂಖ್ಯೆಗಳನ್ನು ಸಾಲಾಗಿ ನೋಡಿ. ಮೊದಲ ದಿನ 6, ಅದೇ ದಿನ 12. ಮರುದಿನ 17. ಅದರ ಮರುದಿನ 30. ಜೂನ್ 17ಕ್ಕೆ 58, 19ಕ್ಕೆ 79, ತಿಂಗಳ ಕೊನೆಗೆ 80ರ ಆಸುಪಾಸು. ನವೆಂಬರ್‌ನಲ್ಲಿ ಮಾತ್ರ ಸಂಖ್ಯೆ ಇಳಿದು 71 ಆಯಿತು. ಸುಟ್ಟು ಕರಕಲಾದ ಅಷ್ಟು ದೊಡ್ಡ ಗೋಪುರವನ್ನು ಕಣ್ಣಾರೆ ಕಂಡವರಿಗೆ ಇದು ಹೇಗೆ ಕಾಣಬೇಕು? ನೂರಾರು ಜನ ಸತ್ತಿದ್ದಾರೆ, ಸರ್ಕಾರ ಮುಚ್ಚಿಡುತ್ತಿದೆ ಅನ್ನೋ ಮಾತು ಎಲ್ಲ ಕಡೆ ಹಬ್ಬಿತು. ಜೂನ್ 16ರಂದು ಕೆನ್ಸಿಂಗ್ಟನ್ ಟೌನ್ ಹಾಲ್‌ಗೆ ಜನ ನುಗ್ಗಿದರು. ಪ್ರಧಾನಿ ತೆರೇಸಾ ಮೇ ಮೊದಲ ಭೇಟಿಯಲ್ಲಿ ಅಗ್ನಿಶಾಮಕರನ್ನು ಮಾತಾಡಿಸಿ, ನಿವಾಸಿಗಳನ್ನು ಕಾಣದೆ ಹೋಗಿದ್ದು ಉರಿಯುವ ಬೆಂಕಿಗೆ ತುಪ್ಪ ಸುರಿದ ಹಾಗಾಯಿತು.

ಈ ಸಂಶಯವನ್ನು "ಮೂಢ ಜನರ ವದಂತಿ" ಅಂತ ತಳ್ಳಿಹಾಕುವವರನ್ನು ನಾನು ಒಪ್ಪುವುದಿಲ್ಲ. ದೊಡ್ಡ ಅನಾಹುತ ಆಗದೆ ಇವರು ಕಣ್ಣು ಬಿಡುವುದಿಲ್ಲ ಎಂಬರ್ಥದ ಎಚ್ಚರಿಕೆಯನ್ನು ನಿವಾಸಿಗಳ ಗುಂಪು 2016ರ ನವೆಂಬರ್‌ನಲ್ಲೇ ಬರೆದು ಪ್ರಕಟಿಸಿತ್ತು. ಆಗ ಯಾರೂ ಕಿವಿಗೊಡಲಿಲ್ಲ. ಬದುಕಿದ್ದಾಗ ನಮ್ಮನ್ನು ಲೆಕ್ಕಕ್ಕೆ ತೆಗೆದುಕೊಳ್ಳದವರು ಸತ್ತ ಮೇಲೆ ಸರಿಯಾಗಿ ಎಣಿಸುತ್ತಾರಾ ಅಂತ ಅವರು ಕೇಳಿದರೆ ಅದರಲ್ಲಿ ತರ್ಕ ಇದೆ. ಆದರೆ ಸಂಖ್ಯೆ ನಿಧಾನವಾಗಿ ಬಂದಿದ್ದಕ್ಕೆ ಕಾರಣ ಮುಚ್ಚುಮರೆ ಅಲ್ಲ, ಬಹುಪಾಲು ಜೀವವಿಜ್ಞಾನ.

ಇಂಥ ದುರಂತಗಳಲ್ಲಿ ಗುರುತು ಹಿಡಿಯಲು ಇಂಟರ್‌ಪೋಲ್ ಒಪ್ಪುವ ಮುಖ್ಯ ಆಧಾರಗಳು ಮೂರು: ಬೆರಳಚ್ಚು, ಹಲ್ಲು, ಡಿಎನ್‌ಎ. ಮುಖ, ಬಟ್ಟೆ, ಉಂಗುರ ಇವೆಲ್ಲ ಬರೀ ಪೂರಕ. ತೀವ್ರ ಬೆಂಕಿಯಲ್ಲಿ ಬೆರಳಚ್ಚು ಉಳಿಯೋದು ಕಷ್ಟ. ಹಲ್ಲು ಗಟ್ಟಿ, ಆದರೆ ಹೋಲಿಸಿ ನೋಡಲು ದಂತವೈದ್ಯರ ಹತ್ತಿರ ಹಳೆಯ ಎಕ್ಸ್‌ರೇ ಇರಬೇಕಲ್ಲ? ಬೇರೆ ದೇಶದಿಂದ ಬಂದು ಒಮ್ಮೆಯೂ ಆ ಕಡೆ ಹೋಗದವರದ್ದು ಎಲ್ಲಿಂದ ತರೋದು? ಉಳಿಯೋದು ಡಿಎನ್‌ಎ.

ಡಿಎನ್‌ಎ ಅಂದರೆ ಒಂದು ಉದ್ದನೆಯ ದಾರ. ಬಿಸಿ ತಾಗಿದಾಗ ಅದು ಒಮ್ಮೆಗೇ ಮಾಯವಾಗಲ್ಲ, ತುಂಡು ತುಂಡಾಗುತ್ತೆ. ಸಾಮಾನ್ಯ ಪರೀಕ್ಷೆಗೆ ನೂರರಿಂದ ನಾನ್ನೂರು ಚಿಲ್ಲರೆ ಅಕ್ಷರ ಉದ್ದದ ತುಂಡುಗಳು ಬೇಕು. ಅದಕ್ಕಿಂತ ಚಿಕ್ಕದಾದರೆ ಹೆಚ್ಚು ಸೂಕ್ಷ್ಮವಾದ ವಿಧಾನಗಳು ಬೇಕು, ಅದೂ ಆಗದಿದ್ದರೆ ಮೈಟೊಕಾಂಡ್ರಿಯಾದ ಡಿಎನ್‌ಎ. ಒಂದೊಂದು ಜೀವಕೋಶದಲ್ಲೂ ಅದರ ನೂರಾರು ಪ್ರತಿಗಳಿರುವುದರಿಂದ ಒಂದಾದರೂ ಸಿಗಬಹುದು. ತೊಂದರೆ ಏನಂದ್ರೆ ಅದು ತಾಯಿಯಿಂದ ಮಾತ್ರ ಬರುತ್ತದೆ, ಹಾಗಾಗಿ ಒಂದೇ ತಾಯಿಯ ಮಕ್ಕಳನ್ನು ಬೇರೆ ಬೇರೆಯಾಗಿ ಗುರುತಿಸಲು ಆಗಲ್ಲ. ಮೂಳೆಯ ಬಣ್ಣವೂ ಸುಳಿವು ಕೊಡುತ್ತೆ. ಕಂದು ಅಥವಾ ಕಪ್ಪಾಗಿದ್ದರೆ ಆಸೆ ಇದೆ. ಬೂದು ದಾಟಿ ಬೆಳ್ಳಗೆ ಸುಣ್ಣದ ಹಾಗಾಗಿದ್ದರೆ ಒಳಗೆ ಹೆಚ್ಚೇನೂ ಉಳಿದಿರೋದಿಲ್ಲ. ದವಡೆ ಹಲ್ಲಿನ ಒಳಭಾಗ ಮತ್ತು ಕಿವಿಯ ಹಿಂದಿನ ಗಟ್ಟಿ ಮೂಳೆ, ಇವೆರಡು ಕೊನೆಯ ಆಸರೆ.

ಇಷ್ಟಾದರೂ ಡಿಎನ್‌ಎ ತಾನಾಗೇ ಹೆಸರು ಹೇಳಲ್ಲ. ಹೋಲಿಸಲು ಇನ್ನೊಂದು ಮಾದರಿ ಬೇಕು. ಸಾಮಾನ್ಯವಾಗಿ ಸತ್ತವರ ಹಲ್ಲುಜ್ಜುವ ಬ್ರಷ್ಷು, ಬಾಚಣಿಗೆ ತರುತ್ತಾರೆ. ಇಲ್ಲಿ ಮನೆಯೇ ಸುಟ್ಟಿದೆ, ಬಾಚಣಿಗೆ ಎಲ್ಲಿಂದ ಬರಬೇಕು? ಹಾಗಾದರೆ ರಕ್ತಸಂಬಂಧಿಗಳು. ಗ್ರೆನ್‌ಫೆಲ್‌ನಲ್ಲಿ ಇಡೀ ಕುಟುಂಬಗಳೇ ಹೋಗಿದ್ದವು, ಹಲವರ ಬಂಧುಗಳು ಬೇರೆ ಬೇರೆ ದೇಶಗಳಲ್ಲಿದ್ದರು. ಹೊಗೆ ತಪ್ಪಿಸಿಕೊಳ್ಳಲು ಕೆಲವರು ಮೇಲಿನ ಮಹಡಿಗಳಿಗೆ ಓಡಿ ಬೇರೆಯವರ ಮನೆ ಸೇರಿದ್ದರು, ಹಾಗಾಗಿ ಅವಶೇಷ ಸಿಕ್ಕಿದ ಮನೆಯಿಂದಲೇ ಹೆಸರು ಹೇಳುವ ಹಾಗೂ ಇರಲಿಲ್ಲ. ಪೊಲೀಸರ ಪ್ರಕಾರ ಒಂದೊಂದು ಮಹಡಿಯಲ್ಲೂ ಸುಮಾರು 15.5 ಟನ್ ಅವಶೇಷ. ಅಷ್ಟನ್ನೂ ಕೈಯಲ್ಲಿ ಜರಡಿ ಹಿಡಿಯಬೇಕಿತ್ತು.

ಹಾಗಾದರೆ ಸಂಖ್ಯೆ ಇಳಿದಿದ್ದು ಯಾಕೆ? ಕಾಣೆಯಾದವರ ಪಟ್ಟಿಯಲ್ಲಿ ಒಬ್ಬರ ಬಗ್ಗೆ ಬಂಧು, ಗೆಳೆಯ, ಸಹೋದ್ಯೋಗಿ ಎಲ್ಲರೂ ಬೇರೆ ಬೇರೆಯಾಗಿ ದೂರು ಕೊಟ್ಟಿರುತ್ತಾರೆ. ಒಂದು ಶ್ರೀನಿವಾಸ ಅನ್ನೋ ಹೆಸರನ್ನು ಇಂಗ್ಲಿಷಿನಲ್ಲಿ ನಾವು ಎಷ್ಟು ಥರ ಬರೆಯುತ್ತೇವೆ ಯೋಚಿಸಿ. ಜೊತೆಗೆ ಮೋಸಗಾರರೂ ಇದ್ದರು: ಹೆಂಡತಿ, ಮಗ ಸತ್ತರೆಂದು ಸುಳ್ಳು ಹೇಳಿ ಪರಿಹಾರ ಪಡೆದವನೊಬ್ಬ ಜೈಲಿಗೆ ಹೋದ. ಇನ್ನೊಂದು ಕಡೆ, ಕಾಗದಪತ್ರ ಇಲ್ಲದವರ ಬಗ್ಗೆ ಬಾಯಿಬಿಡಲು ಜನ ಹೆದರುತ್ತಿದ್ದರು. ಬಾಡಿಗೆ ಕರಾರಿನಲ್ಲಿ ಒಂದು ಹೆಸರು, ಒಳಗೆ ನಾಲ್ಕು ಜನ: ಗಲ್ಫ್‌ನಲ್ಲಿ ಬೆಡ್ ಸ್ಪೇಸ್‌ನಲ್ಲಿ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬದುಕುಳಿದ ಇಂಥವರಿಗೆ ತಾತ್ಕಾಲಿಕವಾಗಿ 12 ತಿಂಗಳು ಇರಲು ಅವಕಾಶ ಅಂತ ಸರ್ಕಾರ ಪ್ರಕಟಿಸಿದ್ದು ಜುಲೈನಲ್ಲಿ. ನನ್ನ ಪ್ರಕಾರ ಅದನ್ನು ಮೊದಲ ವಾರದಲ್ಲೇ ಹೇಳಬೇಕಿತ್ತು.

ಅವಸರ ಮಾಡಿದರೆ ಏನಾಗುತ್ತೆ ಅನ್ನೋದಕ್ಕೆ ನಮ್ಮೂರಿನದೇ ಉದಾಹರಣೆ ಇದೆ. 2010ರ ಮೇ 22ರಂದು ದುಬೈನಿಂದ ಬಂದ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ಕಂದಕಕ್ಕೆ ಬಿದ್ದು ಹೊತ್ತಿ ಉರಿಯಿತು. 158 ಜನ ಹೋದರು. ಬಹುತೇಕ ದೇಹಗಳನ್ನು ಮನೆಯವರು ನೋಡಿ ಗುರುತಿಸಿ ತೆಗೆದುಕೊಂಡು ಹೋದರು. ಕೊನೆಗೆ 22 ದೇಹಗಳ ಡಿಎನ್‌ಎ ಪರೀಕ್ಷೆ ಹೈದರಾಬಾದಿನ ಸಿಡಿಎಫ್‌ಡಿಯಲ್ಲಿ ಆಯಿತು. 10 ಹೊಂದಿದವು. ಉಳಿದ 12, ಕಾಯುತ್ತಿದ್ದ ಯಾವ ಮನೆಯವರಿಗೂ ಹೊಂದಲಿಲ್ಲ. ಅಂದರೆ ಅವರ ಮನೆಯವರ ದೇಹಗಳನ್ನು ಬೇರೆ ಯಾರೋ ತಮ್ಮವರೆಂದು ತಿಳಿದು ಮೊದಲೇ ಮಣ್ಣು ಮಾಡಿದ್ದರು, ಇಲ್ಲವೇ ಸುಟ್ಟಿದ್ದರು. ಅದನ್ನು ತಿರುಗಿಸಲು ಆಗುತ್ತದೆಯೇ? ಆ ಹನ್ನೆರಡೂ ದೇಹಗಳನ್ನು ಜಿಲ್ಲಾಡಳಿತ ಕೂಳೂರಿನಲ್ಲಿ ಮಣ್ಣು ಮಾಡಿತು.

ಲಂಡನ್ ಪೊಲೀಸರು ಈ ತಪ್ಪು ಮಾಡಲಿಲ್ಲ. ಅವರು ಎಡವಿದ್ದು ವಿವರಿಸುವುದರಲ್ಲಿ ಅಂತ ನನಗನ್ನಿಸುತ್ತೆ. "ಇಲ್ಲಿಯವರೆಗೆ ಗುರುತು ಖಚಿತವಾದವರು ಇಷ್ಟು, ಒಳಗಿದ್ದರೆಂದು ನಾವು ನಂಬಿರುವವರು ಇಷ್ಟು" ಅಂತ ಎರಡು ಸಂಖ್ಯೆಗಳನ್ನು ಮೊದಲ ದಿನದಿಂದಲೇ ಪಕ್ಕಪಕ್ಕ ಇಟ್ಟಿದ್ದರೆ ಆ ಸಿಟ್ಟಿನ ಒಂದು ಪಾಲಾದರೂ ಬೇರೆ ದಾರಿ ಹಿಡಿಯುತ್ತಿತ್ತೇನೋ. ಸಿಟ್ಟು ಇದ್ದೇ ಇರುತ್ತಿತ್ತು, ಇರಬೇಕಾಗಿತ್ತು ಕೂಡ. ಈ ಸಾವುಗಳೆಲ್ಲ ತಪ್ಪಿಸಬಹುದಾಗಿದ್ದವು ಅಂತ ತನಿಖೆಯ ಅಂತಿಮ ವರದಿ ಹೇಳಿದ್ದು 2024ರ ಸೆಪ್ಟೆಂಬರ್‌ನಲ್ಲಿ.

2018ರ ಜನವರಿಯಲ್ಲಿ, ಬೆಂಕಿಯಿಂದ ಪಾರಾಗಿ ಅಲ್ಲಿಯವರೆಗೂ ಚಿಕಿತ್ಸೆಯಲ್ಲಿದ್ದ ಒಬ್ಬ ಮಹಿಳೆ ತೀರಿಕೊಂಡರು. ಸಂಖ್ಯೆ 72 ಆಯಿತು. ಮುಂದಿನ ಸಂಚಿಕೆಯಲ್ಲಿ ಹೊಗೆಯ ಬಗ್ಗೆ, ಅದರಲ್ಲಿನ ಕಾರ್ಬನ್ ಮಾನಾಕ್ಸೈಡ್ ಮತ್ತು ಸಯನೈಡ್ ನಮ್ಮ ರಕ್ತದಲ್ಲಿ ಏನು ಮಾಡುತ್ತವೆ ಅನ್ನೋದರ ಬಗ್ಗೆ ಮಾತಾಡೋಣ.