ಹೊಸ ಸಂಸಾರ: ಉಳಿತಾಯ ಎಲ್ಲಿಂದ ಶುರು?



"ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ" ಎಂಬ ಗಾದೆಯನ್ನು ನಮ್ಮ ಸಂಘಗಳಲ್ಲಿ ಎಷ್ಟೋ ಸಲ ಹೇಳಿದ್ದೇವೆ. ಆದರೆ ಮದುವೆಯಾಗಿ ಎರಡು ಮೂರು ವರ್ಷವಾದ, ಕಂಕುಳಲ್ಲಿ ಕೂಸಿರುವ ನಮ್ಮ ಕಿರಿಯ ಸದಸ್ಯರು ಕೇಳುವುದು ಬೇರೆ ಪ್ರಶ್ನೆ. "ಸಿಸ್ಟರ್, ಹನಿಯೇ ಉಳಿಯಲ್ಲ, ಇನ್ನು ಹಳ್ಳ ಎಲ್ಲಿಂದ ಆಗುತ್ತೆ?" ಈ ತಿಂಗಳ ಪಾಠ ಅವರಿಗಾಗಿ. ಹಿರಿಯ ಸದಸ್ಯರು ಇದನ್ನು ಮನೆಯಲ್ಲಿ ಮಗಳಿಗೆ, ಸೊಸೆಗೆ ಓದಿ ಹೇಳಬೇಕು.

ಒಂದು ಸಭೆಯಲ್ಲಿ ನಡೆದದ್ದು

ಒಂದು ಸಂಘದ ವಾರದ ಸಭೆಗೆ ಹೋಗಿದ್ದೆ. 24 ವರ್ಷದ ಒಬ್ಬ ಸದಸ್ಯೆ ಮೂರು ವಾರದಿಂದ 50 ರೂಪಾಯಿ ಉಳಿತಾಯ ಕಟ್ಟಿರಲಿಲ್ಲ. ದಂಡ ಹಾಕುವ ಮಾತು ಬಂತು. ನಾನೂ ಸುಮ್ಮನಿರದೆ, "ಗಂಡ ದುಡೀತಾರೆ, ನೀನೂ ಹೊಲಿಗೆ ಮಾಡ್ತೀಯ, ವಾರಕ್ಕೆ 50 ಉಳಿಸೋಕೆ ಆಗಲ್ವೇನಮ್ಮ?" ಎಂದುಬಿಟ್ಟೆ. ಆಕೆ ತಲೆ ತಗ್ಗಿಸಿದಳು, ಕಣ್ಣಲ್ಲಿ ನೀರು ಬಂತು. ಆಗ ಒಬ್ಬ ಹಿರಿಯ ಸದಸ್ಯೆ, "ಸಿಸ್ಟರ್, ದಂಡ ಆಮೇಲೆ ಹಾಕೋಣ, ಮೊದಲು ಲೆಕ್ಕ ಕೇಳೋಣ" ಎಂದರು. ಇಷ್ಟು ವರ್ಷ ಪಾಠ ಮಾಡಿದ ನನಗೆ ಅವತ್ತು ಅವರು ಪಾಠ ಹೇಳಿದರು.

ಎಲ್ಲರೂ ಕೂತು ಲೆಕ್ಕ ಬರೆದೆವು. ಗಂಡ ಗಾರೆ ಕೆಲಸಕ್ಕೆ ಹೋಗುತ್ತಾರೆ, ದಿನಗೂಲಿ 700 ರೂಪಾಯಿ. "ಹಾಗಾದ್ರೆ ತಿಂಗಳಿಗೆ 21,000" ಎಂದಳು. ಕ್ಯಾಲೆಂಡರ್ ನೋಡಿ ಎಣಿಸಿದರೆ ಮಳೆ, ಹಬ್ಬ, ಕೆಲಸ ಇಲ್ಲದ ದಿನ ಎಲ್ಲ ಕಳೆದು ಕೆಲಸ ಸಿಕ್ಕಿದ್ದು 20 ದಿನ. ಅಂದರೆ 14,000. ಆಕೆಯ ಹೊಲಿಗೆಯಿಂದ 2,000. ಒಟ್ಟು 16,000 ರೂಪಾಯಿ. ಬರುವುದು 16,000, ಆದರೆ ಮನಸ್ಸಿನಲ್ಲಿ ಇದ್ದದ್ದು 23,000! ಹೊಸ ಸಂಸಾರದ ಮೊದಲ ತೂತು ಇಲ್ಲೇ ಇದೆ. ದಿನದ ಕೂಲಿಯನ್ನು 30ರಿಂದ ಗುಣಿಸಬೇಡಿ, ಸಿಕ್ಕಿದ ಕೆಲಸದ ದಿನಗಳಿಂದ ಗುಣಿಸಿ.

ಖರ್ಚಿನ ಪಟ್ಟಿ ಹೀಗಿತ್ತು (ತಿಂಗಳಿಗೆ, ರೂಪಾಯಿಗಳಲ್ಲಿ):

ಮನೆ ಬಾಡಿಗೆ – 3,000
ಅಂಗಡಿ ಸಾಮಾನು (ಸಾಲದ ಲೆಕ್ಕ) – 4,200
ತರಕಾರಿ, ಮೊಟ್ಟೆ, ಮಾಂಸ – 1,600
ಹಾಲು – 900
ಗ್ಯಾಸ್ – 500
ಎರಡು ಮೊಬೈಲ್ ರೀಚಾರ್ಜ್ – 500
ಬೈಕ್ ಪೆಟ್ರೋಲ್ – 1,500
ಗಂಡನ ಟೀ, ಬೀಡಿ, ಗುಟ್ಕಾ – 1,500
ಮಗುವಿನ ಚಿಪ್ಸ್, ಬಿಸ್ಕತ್ ಪ್ಯಾಕೆಟ್ – 600
ಟಿವಿ ಕಂತು – 1,200
ಕೈಸಾಲದ ಬಡ್ಡಿ – 500
ಆಸ್ಪತ್ರೆ, ಔಷಧಿ – 600
ಒಟ್ಟು – 16,600

ಅಂದರೆ ತಿಂಗಳಿಗೆ 600 ರೂಪಾಯಿ ಕೊರತೆ. ಸಂಘದ ಉಳಿತಾಯಕ್ಕೆ ಜಾಗವೇ ಇಲ್ಲ. ಆಕೆ ಸೋಮಾರಿಯಲ್ಲ, ದುಂದುಗಾರ್ತಿಯೂ ಅಲ್ಲ. ಲೆಕ್ಕ ಬರೆದಿರಲಿಲ್ಲ, ಅಷ್ಟೇ.

ಮೊದಲು ದೊಡ್ಡ ತೂತು: ಬಡ್ಡಿ

ಮಗುವಿಗೆ ನ್ಯುಮೋನಿಯಾ ಬಂದಾಗ ತಂದ 10,000 ರೂಪಾಯಿ ಕೈಸಾಲ ಅದು. ನೂರಕ್ಕೆ ತಿಂಗಳಿಗೆ 5 ರೂಪಾಯಿ ಬಡ್ಡಿ. ಕೇಳೋದಕ್ಕೆ "ಐದೇ ರೂಪಾಯಿ". ಆದರೆ ವರ್ಷಕ್ಕೆ ನೂರಕ್ಕೆ 60 ಆಯಿತು. ಆಕೆ 14 ತಿಂಗಳು ಬಡ್ಡಿ ಕಟ್ಟಿದ್ದಳು, ಅಂದರೆ 7,000 ರೂಪಾಯಿ. ಅಸಲು ಹತ್ತು ಸಾವಿರ ಹಾಗೆಯೇ ನಿಂತಿತ್ತು. ನಾಚಿಕೆಯಿಂದ ಸಂಘದಲ್ಲಿ ಹೇಳಿರಲಿಲ್ಲ.

ಅದೇ ಹತ್ತು ಸಾವಿರವನ್ನು ಸಂಘದಿಂದ ನೂರಕ್ಕೆ 2 ರೂಪಾಯಿ ಬಡ್ಡಿಗೆ ತೆಗೆದುಕೊಂಡು, ತಿಂಗಳಿಗೆ 1,000 ಅಸಲು ಕಟ್ಟುತ್ತಾ ಬಂದರೆ ಮೊದಲ ತಿಂಗಳ ಬಡ್ಡಿ 200, ಎರಡನೆಯದು 180, ಹೀಗೆ ಇಳಿಯುತ್ತಾ ಹತ್ತು ತಿಂಗಳಿಗೆ ಒಟ್ಟು ಬಡ್ಡಿ 1,100 ರೂಪಾಯಿ ಮಾತ್ರ. ಸಾಲವೂ ತೀರಿತು. ಹೊರಗಿನ ಸಾಲಕ್ಕಾದರೆ ಹತ್ತು ತಿಂಗಳಿಗೆ 5,000 ಬಡ್ಡಿ, ಸಾಲವೂ ಬಾಕಿ. ಆದ್ದರಿಂದ ಹೆಚ್ಚು ಬಡ್ಡಿಯ ಸಾಲ ತೀರಿಸುವುದೇ ಮೊದಲನೆಯ ಉಳಿತಾಯ.

ಒಂದು ಸಾಲ ತೀರಿಸಲು ಇನ್ನೊಂದು ವಾರದ ಕಂತಿನ ಸಾಲ ತರಬೇಡಿ. ಈಗಾಗಲೇ ಸಿಕ್ಕಿಕೊಂಡಿದ್ದರೆ ಮುಚ್ಚಿಡಬೇಡಿ, ಸಂಘದಲ್ಲಿ ಹೇಳಿ. ಕಿರುಸಾಲ ವಸೂಲಿಯಲ್ಲಿ ಬಲವಂತ, ಕಿರುಕುಳ ತಡೆಯಲು ಕರ್ನಾಟಕದಲ್ಲಿ 2025ರಲ್ಲಿ ಕಾನೂನು ಬಂದಿದೆ ಎಂಬುದೂ ನಿಮಗೆ ತಿಳಿದಿರಲಿ.

ಸಣ್ಣ ತೂತುಗಳು

1. ಅಂಗಡಿ ಸಾಲದ ಲೆಕ್ಕ: ದಿನಾ 10 ರೂಪಾಯಿಯ ಟೀಪುಡಿ, ಕಾಲು ಲೀಟರ್ ಎಣ್ಣೆ ತಂದರೆ ಬೆಲೆಯೂ ಹೆಚ್ಚು, ಬರೆದದ್ದಕ್ಕೆ ಲೆಕ್ಕವೂ ಇಲ್ಲ. ಅಕ್ಕಿ, ಬೇಳೆ, ಎಣ್ಣೆ, ಸಕ್ಕರೆಯನ್ನು ಚೀಟಿ ಬರೆದು ತಿಂಗಳಿಗೊಮ್ಮೆ ನಗದು ಕೊಟ್ಟು ತನ್ನಿ. ರಾಗಿ, ತೊಗರಿ, ಹುಣಸೆಹಣ್ಣನ್ನು ಸುಗ್ಗಿಯ ಕಾಲದಲ್ಲಿ ನಾಲ್ಕೈದು ಮನೆಯವರು ಸೇರಿ ಮೂಟೆ ಲೆಕ್ಕದಲ್ಲಿ ಕೊಂಡು ಹಂಚಿಕೊಳ್ಳಿ.

2. ಮಗುವಿನ ಪ್ಯಾಕೆಟ್: ದಿನಕ್ಕೆ 20 ರೂಪಾಯಿ ಚಿಪ್ಸ್ ಎಂದರೆ ತಿಂಗಳಿಗೆ 600. ಅದರಲ್ಲಿ ಉಪ್ಪು, ಎಣ್ಣೆ, ಗಾಳಿ. ಮನೆಯ ರಾಗಿ ಸರಿ, ಹುರಿಗಡಲೆ ಪುಡಿ, ಬಾಳೆಹಣ್ಣು ಕೊಟ್ಟರೆ 200ರಲ್ಲಿ ಮುಗಿಯುತ್ತದೆ, ಮಗುವಿನ ಮೈಯೂ ತುಂಬುತ್ತದೆ. ಹುಟ್ಟಿದ ಮಗುವಿಗೆ ಮೊದಲ 6 ತಿಂಗಳು ತಾಯಿಯ ಹಾಲೇ ಸಾಕು, ಡಬ್ಬದ ಹಾಲು ಬೇಡ. ಅಂಗನವಾಡಿಯ ಆಹಾರ, ಆರೋಗ್ಯ ಕೇಂದ್ರದ ಲಸಿಕೆ ಉಚಿತವಾಗಿ ಸಿಗುತ್ತವೆ.

3. ಅಡುಗೆ ಒಲೆ: ಕಾಳನ್ನು ರಾತ್ರಿಯೇ ನೆನೆಹಾಕಿ. ಪಾತ್ರೆಗೆ ಮುಚ್ಚಳ ಮುಚ್ಚಿ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ. ಬೇಳೆ, ಅನ್ನ, ತರಕಾರಿಯನ್ನು ಒಂದೇ ಕುಕ್ಕರಿನಲ್ಲಿ ಬೇಯಿಸಿ.

4. ಕರೆಂಟು: 60 ವ್ಯಾಟಿನ ಹಳೆಯ ಬಲ್ಬು ದಿನಕ್ಕೆ 5 ಗಂಟೆ ಉರಿದರೆ ತಿಂಗಳಿಗೆ 9 ಯೂನಿಟ್. 9 ವ್ಯಾಟಿನ ಎಲ್‌ಇಡಿ ಬಲ್ಬಿಗೆ ಒಂದೂವರೆ ಯೂನಿಟ್ಟೂ ಬೇಡ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಗೆ ಬಾಡಿಗೆ ಮನೆಯವರೂ ನೋಂದಾಯಿಸಬಹುದು. ಆದರೆ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. "ಫ್ರೀ ಅಲ್ವಾ" ಅಂತ ಫ್ಯಾನು ತಿರುಗಿಸಿಟ್ಟು ಹೋಗಬೇಡಿ.

5. ಬಸ್ಸಿನ ದುಡ್ಡು: ಶಕ್ತಿ ಯೋಜನೆ 2023ರ ಜೂನ್‌ನಲ್ಲಿ ಬಂದ ಮೇಲೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ನಾವು ಟಿಕೆಟ್‌ಗೆ ದುಡ್ಡು ಕೊಡುವುದಿಲ್ಲ. ಆ ದುಡ್ಡು ಎಲ್ಲಿ ಹೋಯಿತು? ಒಬ್ಬ ಸದಸ್ಯೆ ಪ್ರತಿ ಸಲ ಬಸ್ ಇಳಿದು ಮನೆಗೆ ಬಂದ ಕೂಡಲೇ ಟಿಕೆಟ್ಟಿನ ಹಣವನ್ನು ಡಬ್ಬಕ್ಕೆ ಹಾಕುತ್ತಾರೆ. ನೀವೂ ಮಾಡಿ ನೋಡಿ.

6. ಕಂತಿನ ಸಾಮಾನು: ಅಂಗಡಿಯವರು ಕಂತು ಎಷ್ಟು ಎಂದು ಹೇಳುತ್ತಾರೆ. ನೀವು ಒಟ್ಟು ಎಷ್ಟು ಎಂದು ಕೇಳಿ. ನಗದಿಗೆ 12,000 ಇರುವ ಟಿವಿಗೆ 1,200ರಂತೆ 12 ಕಂತು ಕಟ್ಟಿದರೆ 14,400. ತಾಳಿಕೊಂಡಿದ್ದರೆ 2,400 ಉಳಿಯುತ್ತಿತ್ತು.

7. ಸಮಾರಂಭ: ನಾಮಕರಣ, ಮೊದಲ ಹುಟ್ಟುಹಬ್ಬಕ್ಕೆ ಶಾಮಿಯಾನ, ಫ್ಲೆಕ್ಸ್, ಕೇಕು ಎಂದು ಸಾಲ ಮಾಡುವುದು ಹೆಚ್ಚಾಗಿದೆ. ಮಗುವಿಗೆ ಅದು ನೆನಪಿರುವುದಿಲ್ಲ, ಸಾಲ ಕೊಟ್ಟವರಿಗೆ ನೆನಪಿರುತ್ತದೆ.

ಇದನ್ನು ಮಾತ್ರ ಕಡಿಮೆ ಮಾಡಬೇಡಿ

ಕೈ ಬಿಗಿಯಾದಾಗ ನಮ್ಮ ಹೆಣ್ಣುಮಕ್ಕಳು ಮೊದಲು ಕಡಿಮೆ ಮಾಡುವುದು ತಮ್ಮ ತಟ್ಟೆಯ ಊಟವನ್ನು. ಎಲ್ಲರಿಗೂ ಬಡಿಸಿ, ಉಳಿದ ತಿಳಿಸಾರಿನಲ್ಲಿ ಊಟ ಮುಗಿಸುತ್ತಾರೆ. ಇದು ಉಳಿತಾಯವಲ್ಲ. ರಕ್ತಹೀನತೆ ಬಂದರೆ ದುಡಿಯುವ ಶಕ್ತಿಯೂ ಹೋಗುತ್ತದೆ, ಆಸ್ಪತ್ರೆ ಖರ್ಚೂ ಬರುತ್ತದೆ. ಬೇಳೆ, ಸೊಪ್ಪು, ಹಾಲು, ಮೊಟ್ಟೆ, ಬೇಕಾದ ಔಷಧಿ ನಿಲ್ಲಿಸಬೇಡಿ. ಒಡೆದ ಬಕೆಟ್ಟಿನಲ್ಲಿ ಮಣ್ಣು ತುಂಬಿ ಬಸಳೆ, ದಂಟು, ಮೆಂತ್ಯ ಹಾಕಿ. ಜಾಗವಿದ್ದರೆ ಒಂದು ನುಗ್ಗೆ ಕೊಂಬೆ ನೆಡಿ.

ಗಂಡ ಹೆಂಡತಿ ಕೂಡಿ ಕೂತರೆ

"ನಮ್ಮೆಜಮಾನ್ರಿಗೆ ಯಾರು ಹೇಳ್ತಾರೆ ಸಿಸ್ಟರ್?" ಎಂದು ಆಕೆ ಕೇಳಿದಳು. ಬೈದು ಹೇಳಬೇಡ, ಪಟ್ಟಿ ತೋರಿಸು ಎಂದೆವು. ಭಾನುವಾರ ಊಟವಾದ ಮೇಲೆ ತೋರಿಸಿದಳು. ಅವರು ಮೊದಲು ಸಿಟ್ಟು ಮಾಡಿಕೊಂಡರಂತೆ. ಬಡ್ಡಿ ಕಟ್ಟಿದ 7,000 ನೋಡಿ ಸುಮ್ಮನಾದರಂತೆ. ಕೊನೆಗೆ, "ಗುಟ್ಕಾ ಬಿಡ್ತೀನಿ, ಟೀ ಬಿಡಕ್ಕಾಗಲ್ಲ" ಎಂದರಂತೆ. ದಿನಕ್ಕೆ 20 ರೂಪಾಯಿ, ತಿಂಗಳಿಗೆ 600 ಉಳಿಯಿತು.

ಈಗ ಕೂಡಿಸಿ: ಗುಟ್ಕಾ 600, ಮಗುವಿನ ಪ್ಯಾಕೆಟ್ 400, ಅಂಗಡಿ ಸಾಮಾನು 400, ಪೆಟ್ರೋಲ್ 300. ಒಟ್ಟು 1,700. ಸಂಘ 10,000 ಸಾಲ ಕೊಟ್ಟಿದ್ದರಿಂದ ಹೊರಗಿನ ಬಡ್ಡಿ 500 ನಿಂತಿತು. ಸೇರಿ 2,200. ಕೊರತೆಯ 600 ಕಳೆದರೆ 1,600. ಸಂಘದ ಮೊದಲ ಕಂತು 1,200, ವಾರದ ಉಳಿತಾಯಕ್ಕೆ 200, ಕಷ್ಟಕಾಲದ ಡಬ್ಬಕ್ಕೆ 200. ಅದೇ ಸಂಬಳ, ಅದೇ ಮನೆ. ಟಿವಿ ಕಂತು ಮುಗಿದ ಮೇಲೆ ಆ 1,200ನ್ನು ಬೇರೆ ಕಂತಿಗೆ ಹಾಕದೆ ಉಳಿತಾಯಕ್ಕೆ ಹಾಕುವುದಾಗಿ ಇಬ್ಬರೂ ಒಪ್ಪಿದ್ದಾರೆ.

ಉಳಿದ ಹಣ ಎಲ್ಲಿಡಬೇಕು?

ಸೀರೆ ಮಡಿಕೆಯಲ್ಲಿ ಇಟ್ಟ ಹಣ ಯಾರಾದರೂ ಕೇಳಿದ ಕೂಡಲೇ ಹೋಗುತ್ತದೆ. ಹೆಚ್ಚು ಲಾಭದ ಆಸೆ ತೋರಿಸುವ ಚೀಟಿಗೆ ಹಾಕಿದ್ದು ಒಂದೇ ಸಲ ಹೋಗುತ್ತದೆ. ಮೊದಲು ಸಂಘದ ಉಳಿತಾಯ. ನಂತರ ನಿಮ್ಮ ಹೆಸರಿನ ಬ್ಯಾಂಕ್ ಅಥವಾ ಅಂಚೆ ಕಚೇರಿ ಖಾತೆ. ಅಂಚೆ ಕಚೇರಿಯಲ್ಲಿ ತಿಂಗಳಿಗೆ 100 ರೂಪಾಯಿಯಿಂದ 5 ವರ್ಷದ ಆರ್.ಡಿ. ಕಟ್ಟಬಹುದು. 10 ವರ್ಷದೊಳಗಿನ ಹೆಣ್ಣುಮಗುವಿಗೆ ಸುಕನ್ಯಾ ಸಮೃದ್ಧಿ ಖಾತೆ ಇದೆ, ವರ್ಷಕ್ಕೆ ಕನಿಷ್ಠ 250 ರೂಪಾಯಿ. ದುಡಿಯುವವರಿಗೆ ವಿಮೆಯೂ ಬೇಕು. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿಗೆ ಅಪಘಾತ ವಿಮೆ (ಸುರಕ್ಷಾ ಬಿಮಾ), 436 ರೂಪಾಯಿಗೆ ಜೀವ ವಿಮೆ (ಜೀವನ್ ಜ್ಯೋತಿ ಬಿಮಾ) ಸಿಗುತ್ತವೆ. ಮರಣವಾದರೆ ಒಂದೊಂದರಲ್ಲೂ ಕುಟುಂಬಕ್ಕೆ 2 ಲಕ್ಷ ರೂಪಾಯಿ. ಅಪಘಾತ ವಿಮೆ ಅಪಘಾತಕ್ಕೆ ಮಾತ್ರ. ಸಾರುವೆಯ ಮೇಲೆ ನಿಂತು ಕೆಲಸ ಮಾಡುವವರ ಮನೆಯಲ್ಲಿ ಇದು ಇರಲೇಬೇಕು.

ಸಭೆಯಲ್ಲಿ ಚರ್ಚಿಸಿ

1. ಕಳೆದ ತಿಂಗಳು ನಮ್ಮ ಮನೆಯಲ್ಲಿ ಕೂಲಿ ಸಿಕ್ಕಿದ್ದು ಎಷ್ಟು ದಿನ?
2. ನಮ್ಮಲ್ಲಿ ಯಾರಾದರೂ ಹೊರಗೆ 5 ರೂಪಾಯಿ ಬಡ್ಡಿ ಕಟ್ಟುತ್ತಿದ್ದಾರೆಯೇ? ಸಂಘ ಏನು ಮಾಡಬಹುದು?
3. ಮನೆಯ ಖರ್ಚನ್ನು ಯಾರು ತೀರ್ಮಾನಿಸುತ್ತಾರೆ? ಇಬ್ಬರೂ ಕೂತು ಮಾತಾಡುತ್ತೇವೆಯೇ?
4. ಒಟ್ಟಾಗಿ ಕೊಳ್ಳಬಹುದಾದ ಸಾಮಾನು ಯಾವುದು?

ಮನೆಗೆಲಸ: ಎರಡು ರೂಪಾಯಿ ಖರ್ಚಾದರೂ 30 ದಿನ ಬರೆಯಿರಿ. ಓದು ಬಾರದವರು ಶಾಲೆಗೆ ಹೋಗುವ ಮಕ್ಕಳಿಂದ ಬರೆಸಿ. ಮುಂದಿನ ಸಭೆಗೆ ಆ ಪುಸ್ತಕ ತನ್ನಿ. ಕಂತು ತಪ್ಪಿದ ಸದಸ್ಯೆ ಯಾರಾದರೂ ಇದ್ದರೆ, ದಂಡಕ್ಕೆ ಮೊದಲು ಪಕ್ಕದಲ್ಲಿ ಕೂತು ಅವಳ ಲೆಕ್ಕ ಕೇಳಿ.